‘ಬಂದೆ’ ಎಂದ ಮನೆ

ಈ ಮನೆಯ ಮೇಲಂತಸ್ತಿಗೆ ನಾವು ಬಾಡಿಗೆಗೆ ಬಂದಾಗ ಮಗಳಿಗೆ ಎರಡು ವರ್ಷ ಏಳು ತಿಂಗಳು. ಬಾಯಲ್ಲಿ ಒಂದು ಮಾತೂ ಹುಟ್ಟಿರಲಿಲ್ಲ. ಕಿವಿಯಲ್ಲಿ ದೋಷವಿರಲಿಲ್ಲ, ಪಕ್ಕದ ಕೋಣೆಯಲ್ಲಿ ಬಿಸ್ಕತ್ತಿನ ಕಾಗದ ಸರಕ್ಕೆಂದರೆ ಸಾಕು, ಓಡಿಬರುತ್ತಿದ್ದಳು. ಬೇಕಾದ್ದನ್ನು ಬೆರಳು ತೋರಿಸಿ ಪಡೆಯುತ್ತಿದ್ದಳು, ಸಿಗದಿದ್ದರೆ ನೆಲಕ್ಕೆ ಬಿದ್ದು ಹೊರಳುತ್ತಿದ್ದಳು. ಅಮ್ಮ ಎಂದು ಮಾತ್ರ ಅನ್ನಲಿಲ್ಲ. ‘ಮೂರು ತುಂಬಲಿ, ಆಮೇಲೆ ನೋಡೋಣ’ ಎಂದಿದ್ದರು ಡಾಕ್ಟರು. ನಾನು ಅಲ್ಲಿಯವರೆಗೆ ಕಾಯುವುದು ಹೇಗೆಂದು ಅವರು ಹೇಳಿಕೊಡಲಿಲ್ಲ. ಇಡೀ ದಿನ ಅವಳ ಬಾಯನ್ನೇ ನೋಡುತ್ತ ಕೂರುತ್ತಿದ್ದೆ.

“ನಾನೂ ಲೇಟಾಗೇ ಮಾತಾಡಿದ್ದಂತೆ ಕಣೇ,” ಎಂದು ನನ್ನವರು ಸಮಾಧಾನ ಹೇಳಿದರು.

“ಈಗ್ಲೂ ಏನ್ ಮಹಾ ಮಾತಾಡ್ತೀರಾ ನೀವು,” ಎಂದೆ.

ಮನೆ ಹಳೆಯದು. ಮರದ ವ್ಯಾಪಾರಿಯೊಬ್ಬ ಕಟ್ಟಿಸಿದ್ದು. ಅವನ ಮಕ್ಕಳು ಜಗಳವಾಡಿ ಗೋಡೆ ಎಬ್ಬಿಸಿ ನಾಲ್ಕು ಪಾಲು ಮಾಡಿದ್ದರು. ಹೀಗಾಗಿ ನಮ್ಮ ಭಾಗದಲ್ಲಿ ಎಲ್ಲಿಗೂ ಹೋಗದ ಒಂದು ಬಾಗಿಲಿತ್ತು. ತೆರೆದರೆ ಎದುರಿಗೆ ಇಟ್ಟಿಗೆ. ಹಜಾರದ ತೊಲೆಯಲ್ಲಿ ಯಾವುದೋ ಕಾಲದ ಕೊಕ್ಕೆಗಳಿದ್ದವು, ಒಳಗಿನ ಸಣ್ಣ ಕೋಣೆಯ ಗೋಡೆಯಲ್ಲಿ ತಂತಿ ಎಳೆದು ತೆಗೆದ ತೂತು. ಬಂದವರೆಲ್ಲ ಏನಾದರೊಂದು ಬಿಟ್ಟು ಹೋಗಿದ್ದರು. ಸುಣ್ಣ ಎಷ್ಟು ಬಳಿದರೂ ಅಲ್ಲಲ್ಲಿ ಹಳೆಯ ಬಣ್ಣ ಮೇಲೇಳುತ್ತಿತ್ತು, ಮುಚ್ಚಿಟ್ಟ ಗಾಯದ ಹಾಗೆ.

ಕೆಳಗೆ, ಮೆಟ್ಟಿಲ ಅಡಿಯಲ್ಲಿ, ಇಸ್ತ್ರಿ ಮಾಡುವ ಹೆಂಗಸು. ಮೂವತ್ತೆಂಟು ವರ್ಷದಿಂದ ಅಲ್ಲೇ. ಗಂಡ ಈ ಜಾಗ ಹಿಡಿದಿದ್ದನಂತೆ. ಅವನು ಹೋದಮೇಲೆ ಮೇಜೂ ಇದ್ದಿಲ ಇಸ್ತ್ರಿಪೆಟ್ಟಿಗೆಯೂ ಇವಳ ಪಾಲಿಗೆ ಬಂದವು. ಪೆಟ್ಟಿಗೆಯ ಕಾವನ್ನು ಕೆನ್ನೆಯ ಹತ್ತಿರ ಹಿಡಿದೇ ಅಳೆಯುತ್ತಿದ್ದಳು. ಎಲ್ಲರೂ ಮೆಟ್ಟಿಲಮ್ಮ ಎನ್ನುತ್ತಿದ್ದರು. ಮೆಟ್ಟಿಲ ಕೆಳಗೆ ಇರುವುದರಿಂದ ಎಂದುಕೊಂಡಿದ್ದೆ. ಕಾರಣ ಬೇರೆಯಿತ್ತು.

ಬೇರೆ ಕಡೆ ಇಸ್ತ್ರಿಯವರು ಕೆಳಗಿನಿಂದ ಕೂಗುತ್ತಾರೆ, ನಾವು ಬಟ್ಟೆ ತೆಗೆದುಕೊಂಡು ಇಳಿಯುತ್ತೇವೆ. ಇವಳು ಕೂಗುತ್ತಿದ್ದಳು, ನಾನು ‘ಬಂದೆ’ ಎನ್ನುತ್ತಿದ್ದೆ, ಅಷ್ಟರಲ್ಲಿ ಇಪ್ಪತ್ತೆರಡು ಮೆಟ್ಟಿಲು ಹತ್ತಿ ಬಾಗಿಲು ಬಡಿಯುತ್ತಿದ್ದಳು. ಮಂಡಿ ಹಿಡಿದುಕೊಂಡು, ಏದುಸಿರು ಬಿಡುತ್ತ. ಮಲಗಿಸಿದ ಮಗು ಎದ್ದು ಕೂರುತ್ತಿತ್ತು. ನಾವು ಬಂದು ಎರಡು ತಿಂಗಳಾದ ಮೇಲೆ ಒಂದು ದಿನ ರೇಗಿಯೇಬಿಟ್ಟೆ.

“ಬಂದೆ ಅಂದ್ನಲ್ಲಾ, ಒಂದ್ನಿಮಿಷ ಇರೋಕಾಗಲ್ವಾ?”

“ಬಂದೆ ಅಂದ್ರಿ. ಆದ್ರೆ ಬಂದಿರ್ಲಿಲ್ವಲ್ಲ.”

ನಗು ಬಂತು. ನಿಜ, ನಾವೆಲ್ಲ ಹೀಗೇ. ಮುಖದ ತುಂಬ ಸೋಪಿರುತ್ತದೆ, ಕಾಲು ಹಾಸಿಗೆಯಿಂದ ಇಳಿದಿರುವುದಿಲ್ಲ, ಆಗಲೇ ‘ಬಂದೆ’ ಎಂದಿರುತ್ತೇವೆ. ಮೈಗಿಂತ ಮೊದಲು ಬಾಯಿ ತಲುಪಿರುತ್ತದೆ.

ಆ ತಿಂಗಳ ಕೊನೆಯಲ್ಲಿ, ಮಧ್ಯಾಹ್ನ ಮೂರರ ಹೊತ್ತಿಗೆ, ಒಗೆದ ಬಟ್ಟೆ ಮಡಚುತ್ತ ಕೂತಿದ್ದೆ. ಯಾರೂ ಕರೆದಿರಲಿಲ್ಲ, ಬಾಗಿಲು ಬಡಿದಿರಲಿಲ್ಲ. ಮಗಳು ಆಟದ ಡಬ್ಬಿ ಕೆಳಗಿಟ್ಟು ಒಳಕೋಣೆಯ ಕಡೆ ತಿರುಗಿ ಹೇಳಿದಳು: “ಬಂದೇ…”

ಸ್ಪಷ್ಟವಾಗಿ. ಕೊನೆಯನ್ನು ಎಳೆದು, ಸ್ವಲ್ಪ ಮೇಲೆತ್ತಿ, ಎತ್ತರದ ಅಟ್ಟದ ಮೇಲೆ ಏನನ್ನೋ ಜೋಪಾನವಾಗಿ ಇಟ್ಟಂತೆ.

ಅವಳನ್ನು ತಬ್ಬಿಕೊಂಡು ಅತ್ತೆ. ನನ್ನವರಿಗೆ ಫೋನು ಮಾಡಿದೆ.

“ಏನಂದ್ಲು?”

“ಬಂದೆ ಅಂದ್ಲು!”

“ಎಲ್ಲಿಗೆ?”

ಇವರ ಹತ್ತಿರ ಹೇಳಿ ಸುಖವಿಲ್ಲವೆಂದು ಮಗುವನ್ನೆತ್ತಿಕೊಂಡು ಕೆಳಗೆ ಓಡಿದೆ. ಮೆಟ್ಟಿಲಮ್ಮ ಸುದ್ದಿ ಕೇಳಿ ಬಾಯಿ ತುಂಬ ನಕ್ಕಳು. “ಎಲ್ಲಿ ನಮ್ಮವ್ವ, ನಂಗೂ ಒಂದ್ಸಲ ಹೇಳು.” ಮಗು ಅವಳನ್ನು ನೋಡಲಿಲ್ಲ. ನನ್ನ ಹೆಗಲ ಮೇಲಿನಿಂದ ಮೆಟ್ಟಿಲ ತುದಿಯನ್ನು ನೋಡಿ, “ಬಂದೇ…” ಎಂದಿತು.

ಮೆಟ್ಟಿಲಮ್ಮನ ಕೈ ನಿಂತಿತು. ಪೆಟ್ಟಿಗೆ ಅಂಗಿಯ ಮೇಲೇ ಉಳಿಯಿತು. ಸುಟ್ಟ ವಾಸನೆ ಬಂದಮೇಲೆ ನಾನೇ ಕೂಗಿ ಎತ್ತಿಸಿದೆ. ಅಂಗಿಯ ಬೆನ್ನ ಮೇಲೆ ಕಂದು ಬಣ್ಣದ ಗುರುತು.

“ಯಾರು ಹೇಳ್ಕೊಟ್ರು ಇದನ್ನ?”

“ಯಾರ್ ಹೇಳ್ಕೊಡ್ತಾರೆ, ನಾನೇ ದಿನಾ ಹೇಳ್ತಿರ್ತೀನಲ್ಲ.”

“ನೀವ್ ಹೀಗೆ ಹೇಳಲ್ಲ,” ಎಂದಳು.

ಮಾರನೆಯ ದಿನದಿಂದ ಅವಳು ಮೆಟ್ಟಿಲು ಹತ್ತಲಿಲ್ಲ. ಬಟ್ಟೆಯನ್ನು ಕೆಳಗಿನ ಮೆಟ್ಟಿಲ ಮೇಲಿಟ್ಟು ಒಂದು ಸಲ ಕೂಗಿ ಸುಮ್ಮನಾಗುತ್ತಿದ್ದಳು. ನಾನು ರೇಗಿದ್ದನ್ನು ಮನಸ್ಸಿಗೆ ಹಚ್ಚಿಕೊಂಡಳೇನೋ ಎಂದುಕೊಂಡೆ. ಆದರೆ ಮಗಳು ದಿನವೂ ಹೇಳತೊಡಗಿದಳು. ಮೂರು ಗಂಟೆಗೇ, ಒಳಕೋಣೆಯ ಕಡೆಗೇ. ಬೇರೆ ಹೊತ್ತಿನಲ್ಲಿ ಮುದ್ದು ಮಾಡಿ ಕೇಳಿದರೂ ಇಲ್ಲ, ಬಿಸ್ಕತ್ತು ತೋರಿಸಿದರೂ ಇಲ್ಲ. ಆ ಒಂದು ಮಾತು ಬಿಟ್ಟರೆ ಇನ್ನೊಂದಿಲ್ಲ. ಹರಕೆ ಹೊತ್ತವಳಂತೆ ಕಾದಿದ್ದ ನನಗೆ ಮೂರು ಹೊಡೆಯಿತೆಂದರೆ ಕಿವಿ ಮುಚ್ಚಿಕೊಳ್ಳುವಂತಾಗುತ್ತಿತ್ತು. ಮಾತು ಬಂದಿತ್ತು, ಅದು ನನ್ನ ಮಗಳದೇ ಎಂಬ ಧೈರ್ಯ ಬರಲಿಲ್ಲ.

ಐದನೆಯ ದಿನ ಮಗುವನ್ನೆತ್ತಿಕೊಂಡು ಹೋಗಿ ಮೆಟ್ಟಿಲಮ್ಮನ ಮುಂದೆ ಕೂತೇಬಿಟ್ಟೆ. ಹೇಳದೆ ಏಳುವುದಿಲ್ಲವೆಂದೆ. ಅವಳು ಕೆಲಸ ನಿಲ್ಲಿಸದೆ ಹೇಳಿದಳು. ಅವಳಿಗೆ ಜನರ ಮುಖಕ್ಕಿಂತ ಬಟ್ಟೆ ಚೆನ್ನಾಗಿ ನೆನಪಿತ್ತು. ನಮ್ಮ ಭಾಗದಲ್ಲಿ ಮೊದಲು ಇದ್ದವನು ಕಸರತ್ತಿನ ಮೇಷ್ಟ್ರು. ಬಿಳಿ ಪ್ಯಾಂಟು, ಮಂಡಿಯಲ್ಲಿ ಸದಾ ಮಣ್ಣು. ತೊಲೆಯ ಕೊಕ್ಕೆಗಳು ಅವನು ಜೋತಾಡಲು ಹಾಕಿಸಿದ್ದವು. ಆಮೇಲೆ ಗುಂಡಿ ಹೊಲಿಯುವ ಅಕ್ಕತಂಗಿಯರು, ಇಬ್ಬರಿಗೂ ಸೇರಿ ಒಂದೇ ಒಳ್ಳೆಯ ಕೋಟು. ಅವರ ನಂತರ, ಒಬ್ಬಳೇ, ಹನ್ನೊಂದು ವರ್ಷ ಇದ್ದವಳು ಟೆಲಿಫೋನ್ ಆಪರೇಟರ್. ಬೂದು ಕೋಟು, ಬೆನ್ನಲ್ಲಿ ಎರಡು ನಿರಿಗೆ.

“ಆ ನಿರಿಗೆ ನೆಟ್ಟಗಿದ್ರೇನೇ ಡ್ಯೂಟಿಗೆ ಹೋಗ್ತಿದ್ದಿದ್ದು. ಮಾತು ಅಂದ್ರೆ ಹೇಗಿತ್ತು ಅಂತೀರಿ! ದಿನವೆಲ್ಲ ‘ಇರಿ, ಬಂದೆ’ ಅಂತ ಲೈನಲ್ಲಿ ಹೇಳಿ ಹೇಳಿ, ಮನೇಲೂ ಹಾಗೇ ಎಳೀತಿದ್ರು. ‘ಬಂದೇ…’ ಅಂತ.”

ನನ್ನ ಕೈ ಮಗುವಿನ ಬೆನ್ನ ಮೇಲೆ ಬಿಗಿಯಾಯಿತು.

“ಒಂದಿನ ಮಧ್ಯಾಹ್ನ ಮೂರು ಗಂಟೇಲಿ ಕೂಗ್ದೆ, ಕೋಟು ರೆಡಿ ಅಮ್ಮಾ ಅಂತ. ಬಂದೇ ಅಂದ್ರು. ಸರಿ, ಬರ್ತಾರೆ ಅಂತ ನಾಕು ಅಂಗಿ ಮಾಡ್ದೆ. ಮತ್ತೆ ಕೂಗ್ದೆ. ಬಂದೇ ಅಂದ್ರು, ಸ್ವಲ್ಪ ಮೆತ್ತಗೆ. ಮೂರನೇ ಸಲ ಕೂಗಿದ್ರೆ ಉತ್ರ ಇಲ್ಲ. ಪಾಪ, ಡ್ಯೂಟಿ ಮುಗ್ಸಿ ಬಂದಿದ್ರು, ಕಣ್ಣು ಹತ್ತಿರ್ಬೇಕು ಅಂದ್ಕೊಂಡೆ. ಇದ್ದಿಲು ಆರೋ ಹೊತ್ಗೆ ಕೋಟು ತಗೊಂಡು ಹತ್ತಿದ್ರೆ… ಒಳಕೋಣೇಲಿ ಬಿದ್ದಿದ್ರು. ಕೈ ಬಾಗಿಲ ಕಡೆ ಚಾಚಿತ್ತು. ಎರಡು ಗಂಟೆ ಮುಂಚೆ ಯಾರಾದ್ರೂ ನೋಡಿದ್ರೆ ಉಳೀತಿದ್ರು ಅಂದ್ರು ಡಾಕ್ಟ್ರು.”

ಅಂಗಿ ತಿರುಗಿಸಿ ಹಾಕಿದಳು.

“ಬರೋಕಾಗ್ತಿಲ್ಲ ಅನ್ನೋದನ್ನೇ ಬಂದೆ ಅಂತ ಹೇಳಿದ್ರು. ಬಂದೆ ಅಂದ್ಮೇಲೆ ಬಂದ ಹಾಗೇ ಅಂತ ನಾನ್ ಕಾದೆ. ಹುಟ್ದಾಗಿಂದ ಆಡಿದ್ ಮಾತು, ನಂಗೇ ಅರ್ಥ ಆಗ್ಲಿಲ್ಲ. ಆವತ್ತಿಂದ ಯಾರು ಬಂದೆ ಅಂದ್ರೂ ಹತ್ತಿಬಿಡ್ತಿದ್ದೆ. ಈಗ ಆ ದನೀನೇ ಕೇಳಿದ್ಮೇಲೆ ಹತ್ತೋಕೆ ಹೆದ್ರಿಕೆ.”

“ಆಮೇಲೆ ಇದ್ದೋರಿಗೆ ಏನೂ ಕೇಳಿಸ್ಲಿಲ್ವಾ?”

“ಅವ್ರ ಮನೆ ತುಂಬ ಬಾಯಿ ಬಡ್ಕೊಳ್ಳೋ ಮಕ್ಕಳು. ಸುಮ್ನಿರೋರಿಗೆ ತಾನೇ ಕೇಳ್ಸೋದು.”

ಸಂಜೆ ನನ್ನವರಿಗೆ, ಮನೆ ಬಿಡೋಣ ಎಂದೆ.

“ಮಗು ಮಾತಾಡಲ್ಲ ಅಂತ ಅಳ್ತಿದ್ದೆ. ಈಗ ಮಾತಾಡುತ್ತೆ ಅಂತ ಮನೆ ಬಿಡ್ಬೇಕಾ?”

“ಅದು ಅವಳ ಮಾತಲ್ಲಾರೀ.”

“ಮತ್ತೆ ಯಾರ್ದು, ಕಳ್ಕೊಂಡೋರು ಬಂದು ಕೇಳಿದ್ರಾ?” ಎಂದು ನಕ್ಕು ಪೇಪರು ಬಿಡಿಸಿದರು. ಆಮೇಲೆ ಅವರೂ ಒಳಕೋಣೆಯ ಬಾಗಿಲನ್ನು ಮುಂದಕ್ಕೆಳೆದು ಬಂದದ್ದನ್ನು ಕಂಡೆ.

ಮಂಗಳವಾರ ಮೂರಕ್ಕೆ ಐದು ನಿಮಿಷವಿತ್ತು. ಹಾಲು ಒಲೆಯ ಮೇಲಿಟ್ಟಿದ್ದೆ. ಕೆಳಗಿನಿಂದ ಮೆಟ್ಟಿಲಮ್ಮ ಕೂಗಿದಳು. ಅವಳು ಹತ್ತುವುದಿಲ್ಲವಲ್ಲ, ಒಂದೇ ಉಸಿರಿಗೆ ಇಳಿದು ತರೋಣವೆಂದು ಬಾಗಿಲು ತೆರೆದಿಟ್ಟೇ ಇಳಿದೆ. ಬಟ್ಟೆ ಎತ್ತಿಕೊಂಡೆ. ಮೇಲೆ ಬಾಗಿಲು ದಢಾರೆಂದಿತು, ಅದರ ಹಿಂದೆಯೇ ಚಿಲಕ ಬಿದ್ದ ಸದ್ದು. ಆ ಚಿಲಕ ನನ್ನ ಭುಜದ ಎತ್ತರಕ್ಕಿತ್ತು.

ಓಡಿ ಹತ್ತಿ ತಳ್ಳಿದೆ. “ಪುಟ್ಟೀ, ಅಮ್ಮ ಇಲ್ಲಿದೀನಿ, ಬಾಗ್ಲ ಹತ್ರ ಬಾ!”

“ಬಂದೇ…” ಎಂದಳು ಒಳಗಿನಿಂದ.

“ಬಾ ಕಂದಾ!”

“ಬಂದೇ…”

ಎರಡನೆಯದು ಮೊದಲಿನದಕ್ಕಿಂತ ದೂರದಿಂದ ಕೇಳಿತು. ಆಗ ತಿಳಿಯಿತು. ಅವಳು ಉತ್ತರ ಕೊಡುತ್ತಿದ್ದುದು ನನಗಲ್ಲ.

ಒಳಗೆ ಹಾಲು ಉಕ್ಕಿ ಚುಂಯ್ ಎಂದಿತು. ಉರಿ ಆರಿರಬೇಕು, ಬಾಗಿಲ ಸಂದಿಯಿಂದ ಗ್ಯಾಸು ನಾರತೊಡಗಿತು. ನಾನು ಏನೆಂದು ಕಿರುಚಿದೆನೋ ತಿಳಿಯದು. ಮೆಟ್ಟಿಲಮ್ಮ ಬರುತ್ತಿದ್ದಳು. ಕಟಕಟೆ ಹಿಡಿಯಲಿಲ್ಲ, ಮಂಡಿ ಹಿಡಿಯಲಿಲ್ಲ. ನನ್ನ ಕೈಯಲ್ಲಿದ್ದ ಬಟ್ಟೆಯ ಗಂಟನ್ನು ಕಿತ್ತು ಮೊಣಕೈಗೆ ಸುತ್ತಿಕೊಂಡು ಬಾಗಿಲ ಪಕ್ಕದ ಕಿಟಕಿಯ ಗಾಜಿಗೆ ಗುದ್ದಿದಳು. ಎರಡನೆಯ ಗುದ್ದಿಗೆ ಒಡೆಯಿತು. ಆ ಸಣಕಲು ತೋಳು ಸರಳಿನ ನಡುವೆ ತೂರಿ ಚಿಲಕ ಸರಿಸಿತು.

ನಾನು ಗ್ಯಾಸು ಮುಚ್ಚಿ ಕಿಟಕಿಗಳನ್ನೆಲ್ಲ ತೆರೆದು ಬರುವಷ್ಟರಲ್ಲಿ ಮೆಟ್ಟಿಲಮ್ಮ ಒಳಕೋಣೆ ತಲುಪಿದ್ದಳು. ಮಗಳು ಹೊಸ್ತಿಲ ಮೇಲೆ ನಿಂತಿದ್ದಳು. ಬಲಗೈ ಮುಂದಕ್ಕೆ ಚಾಚಿತ್ತು, ಬೆರಳು ಮಡಚಿತ್ತು, ದೊಡ್ಡವರ ಬೆರಳು ಹಿಡಿದು ರಸ್ತೆ ದಾಟುವಾಗಿನ ಹಾಗೆ. ಎದುರಿಗೆ ಖಾಲಿ ನೆಲ.

ಮೆಟ್ಟಿಲಮ್ಮ ಮಗುವನ್ನು ಹಿಂದಕ್ಕೆ ಸರಿಸಿ ತಾನು ಒಳಗೆ ಕಾಲಿಟ್ಟಳು.

“ಅವಳು ಬರಲ್ಲ ಅಮ್ಮಾ. ಮಗು ಅದು. ನಾನ್ ಬಂದಿದೀನಿ, ನೋಡಿ. ತಡ ಆಯ್ತು, ಗೊತ್ತು. ಬೈಯೋದಿದ್ರೆ ನಂಗೆ ಬೈರಿ.”

ಅಲ್ಲಿಯೇ ನೆಲದ ಮೇಲೆ ಕೂತಳು. ಮೊಣಕೈಯಿಂದ ರಕ್ತ ಇಳಿಯುತ್ತಿತ್ತು, ಅವಳಿಗೆ ಅದರ ಪರಿವೆಯಿರಲಿಲ್ಲ. ಎದುರಿಗೆ ಯಾರೋ ಮಾತಾಡುತ್ತಿದ್ದಾರೆ ಎಂಬಂತೆ ಆಗಾಗ ತಲೆಯಾಡಿಸಿದಳು. ನಾನು ಮಗುವನ್ನು ಅವುಚಿಕೊಂಡು ಹಜಾರದಲ್ಲಿ ನಿಂತಿದ್ದೆ. ಕರೆಯುವ ಧೈರ್ಯವಾಗಲಿಲ್ಲ.

ಬಡಗಿ ಬಂದು ಚಿಲಕ ಸವೆದಿದೆ, ಬಾಗಿಲು ಬಡಿದುಕೊಂಡರೆ ತಾನೇ ಬೀಳುತ್ತದೆ ಎಂದ. “ನೋಡಿದ್ಯಾ?” ಎಂದರು ನನ್ನವರು. ನೋಡಿದೆ ಎಂದೆ.

ಆಮೇಲೆ ಮಗಳು ಮೂರು ಗಂಟೆಗೆ ಏನೂ ಅನ್ನಲಿಲ್ಲ. ಮಾರನೆಯ ದಿನವೂ ಇಲ್ಲ, ಅದರ ಮಾರನೆಯ ದಿನವೂ ಇಲ್ಲ. ಒಂಬತ್ತು ದಿನ. ನನಗೆ ಹೊಸ ಹೆದರಿಕೆ ಹುಟ್ಟಿತು. ಇದ್ದದ್ದೊಂದು ಮಾತು, ಅದೂ ಬೇರೆಯವರದು. ಅವರು ತೆಗೆದುಕೊಂಡು ಹೋದಮೇಲೆ ನನ್ನ ಮಗಳ ಬಾಯಲ್ಲಿ ಉಳಿದದ್ದೇನು? ಮೂರು ತುಂಬಲು ಆರು ವಾರವಿತ್ತು.

ಹತ್ತನೆಯ ದಿನ ಮೆಟ್ಟಿಲಮ್ಮ ಕೈಗೆ ಕಟ್ಟಿದ ಬಟ್ಟೆ ಬದಲಿಸಿಕೊಳ್ಳಲು ಮೇಲೆ ಬಂದಿದ್ದಳು. ನಾನು ಮಗುವಿಗೆ ತಿನ್ನಿಸುತ್ತಿದ್ದೆ. ಚಮಚ ತುಟಿಗೆ ತಾಗಿತು. ಮಗಳು ಅದನ್ನು ತಳ್ಳಿ, ನನ್ನ ಮುಖವನ್ನೇ ದುರುಗುಟ್ಟಿ ನೋಡಿ ಅಂದಳು:

“ಬೇಡ.”

ಒರಟು ದನಿ, ಎಳೆತವಿಲ್ಲ, ನಯವಿಲ್ಲ, ಬರೀ ಸಿಟ್ಟು. ಮೆಟ್ಟಿಲಮ್ಮನ ಕಡೆ ತಿರುಗಿ ಮೆಲ್ಲಗೆ ಕೇಳಿದೆ, “ಇದು… ಇದು ಯಾರ ಥರ?”

ಅವಳು ಕಣ್ಣು ಮುಚ್ಚಿದಳು. ಮೇಷ್ಟ್ರನ್ನು, ಅಕ್ಕತಂಗಿಯರನ್ನು, ಒಬ್ಬೊಬ್ಬರನ್ನೇ ಬಾಗಿಲಿಗೆ ಕರೆದು ಕೇಳಿ ಕಳಿಸುತ್ತಿರುವಂತೆ ಬಹಳ ಹೊತ್ತು ತೆಗೆದುಕೊಂಡಳು.

“ಇಷ್ಟು ಕೆಟ್ಟದಾಗಿ ಬೇಡ ಅಂದೋರು ಈ ಮನೇಲಿ ಯಾರೂ ಇರ್ಲಿಲ್ಲ ಕಣ್ರೀ,” ಎಂದಳು. “ಇದು ನಿಮ್ಮದೇ.”

ನಾನು ಇನ್ನೊಂದು ಚಮಚ ತುಂಬಿ ಮಗಳ ಬಾಯ ಮುಂದೆ ಹಿಡಿದೆ, ಮತ್ತೆ ಅನ್ನಲಿ ಎಂದು.