ಹೆಬ್ಬೆರಳಿಗೆ ಕಟ್ಟಿದ ಕಾವಲು

ಬೆಳಗಿನ ಆರೂಕಾಲು. ಅಮೀರ್‌ಪೇಟ್ ಮತ್ತು ಬೇಗಂಪೇಟೆಯ ನಡುವಿನ ಗಲ್ಲಿಯೊಂದರಲ್ಲಿರುವ ಆಯುರ್ವೇದ ಆಸ್ಪತ್ರೆಯ ಹಿಂಬಾಗಿಲು ತೆರೆದು ಗುರುಬಾಯಿ ಒಳಗೆ ಬರುತ್ತಾರೆ. ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈ ತೊಳೆದು, ಬಿಸಿನೀರಿನ ಪಾತ್ರೆಯಲ್ಲಿ ಎಣ್ಣೆಯ ಬಟ್ಟಲು ಇಡುತ್ತಾರೆ. ಆಮೇಲೆ ಕಿಟಕಿಯ ಬಳಿ ನಿಂತು ಹಳೆಯ ಧೋತರದಿಂದ ಹರಿದ ಬೆರಳಗಲದ ಪಟ್ಟಿಯೊಂದನ್ನು ಬಲಗೈ ಹೆಬ್ಬೆರಳಿಗೆ ಮೂರು ಸುತ್ತು ಸುತ್ತಿ, ಎಡಗೈಯಿಂದಲೇ ಗಂಟು ಬಿಗಿಯುತ್ತಾರೆ. ಬೆರಳಿಗೆ ಗಾಯವಿಲ್ಲ, ಬಾವಿಲ್ಲ.

ಮೊದಲು ಬಂದವನು ಕೂಕಟ್‌ಪಲ್ಲಿಯ ದರ್ಜಿ. ದಿನವಿಡೀ ಮಷಿನ್ ಮೇಲೆ ಬಾಗಿ ಬಾಗಿ ಅವನ ಕತ್ತು ಎಡಕ್ಕೆ ಹೊರಳುವುದನ್ನೇ ಮರೆತಿದೆ. ಪಟ್ಟಿ ನೋಡಿ, "ಕ್ಯಾ ಹುವಾ ಖಾಲಾ, ಉಂಗ್ಲಿ ಕಟ್ ಗಯೀ ಕ್ಯಾ?" ಎಂದು, ಬೆರಳು ಕೊಯ್ದುಕೊಂಡಿತೆಂದೇ ಗಾಬರಿಯಾಗುತ್ತಾನೆ.

"ನಹೀ ಬೇಟಾ, ಇಸ್ಕಿ ಛುಟ್ಟಿ ಹೈ," ಎನ್ನುತ್ತಾರೆ ಗುರುಬಾಯಿ. ಬೆರಳಿಗೆ ರಜೆ ಎಂದರೇನೋ ಅವನಿಗೆ ತಿಳಿಯುವುದಿಲ್ಲ. ತಿಳಿಸಿ ಹೇಳುವಷ್ಟು ಹೊತ್ತು ಇವರಿಗೂ ಇಲ್ಲ.

ಅವನ ಕತ್ತಿನ ಎರಡೂ ಬದಿಗೆ ಪೆನ್ಸಿಲ್‌ನಿಂದ ನಾಲ್ಕು ಗುರುತು ಮಾಡಲಾಗಿದೆ. ಗುರುಬಾಯಿ ಕರೆಂಟಿನ ಯಂತ್ರದ ಅಂಟು ಬಿಲ್ಲೆಗಳ ಅಂಚನ್ನು ಎರಡು ಬೆರಳ ತುದಿಯಲ್ಲಿ ಹಿಡಿದು ಗುರುತಿನ ಮೇಲೆ ಕೂರಿಸುತ್ತಾರೆ. ವೈರು ಸಿಕ್ಕಿಸಿ ಗುಂಡಿ ತಿರುಗಿಸುತ್ತಾರೆ. ಇರುವೆ ಹರಿದಂತಾಯಿತೇ ಎಂದು ಕೇಳಿ, ಆಯಿತೆಂದರೆ ಅಲ್ಲಿಗೇ ನಿಲ್ಲಿಸುತ್ತಾರೆ. ನಂತರ ಸ್ಟೂಲಿನ ಮೇಲೆ ಕುಳಿತು ಎರಡೂ ಕೈ ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. ಇಪ್ಪತ್ತು ನಿಮಿಷ. ದಿನದ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು ಇದೇ ಎಂದು ಅವರು ಹೇಳುತ್ತಾರೆ.

ಪಕ್ಕದ ಕೋಣೆಯಲ್ಲಿ ಮಾತ್ರ ಅವರು ಬೇರೆಯೇ ಮನುಷ್ಯರು. ಅಲ್ಲಿ ಪಟ್ಟಿ ಬಿಚ್ಚಿ ಮೊಳೆಗೆ ತೂಗುಹಾಕುತ್ತಾರೆ. ಬೆಚ್ಚಗಿನ ಎಣ್ಣೆ ಮುಂಗೈಗೆ ಸವರಿ ಹದ ನೋಡಿ, ತಲೆಯೂ ಕತ್ತೂ ಕೂಡುವ ಕಡೆ, ಕತ್ತಿನ ಬದಿಗಳಲ್ಲಿ, ಹೆಗಲ ಮೇಲೆ, ಒಂದೊಂದೇ ಮರ್ಮಸ್ಥಾನ ಹುಡುಕಿ ಹೆಬ್ಬೆರಳು ಊರುತ್ತಾರೆ. ಉಸಿರು ಬಿಡುವಾಗ ಒತ್ತು, ಎಳೆಯುವಾಗ ಸಡಿಲು. ಒಂದೊಂದು ಕಡೆಗೆ ಹದಿನೆಂಟು ಸಲ. "ಕುತ್ತಿಗಿ ಮುಂದಿನ ಕಡೆ ಹಗುರ ಕೈ ಇರ್ಬೇಕ್ರಿ. ಅಲ್ಲಿ ಜೋರು ತೋರಿಸೋರು ನಮ್ಮ ಕೆಲಸಕ್ಕ ಬರಬಾರದು," ಎನ್ನುತ್ತಾರೆ. ಕೈಗೆ ಜೋಮು ಹಿಡಿಯುವವರನ್ನೂ ತಲೆ ತಿರುಗುವವರನ್ನೂ ಅವರು ಮುಟ್ಟುವುದೇ ಇಲ್ಲ. ನೇರ ಡಾಕ್ಟರ ಬಳಿಗೆ ಕಳಿಸುತ್ತಾರೆ.

ಗುರುಬಾಯಿಗೆ ಈಗ ಐವತ್ತಮೂರು. ಈ ಆಸ್ಪತ್ರೆಯಲ್ಲಿ ಇಪ್ಪತ್ತೊಂದು ವರ್ಷ. ಬಂದದ್ದು ನೆಲ ಒರೆಸುವ ಆಯಾ ಆಗಿ. ಒಮ್ಮೆ ಅಡುಗೆಮನೆಯ ಹೆಂಗಸಿನ ಮಣಿಕಟ್ಟು ಉಳುಕಿದಾಗ ಇವರು ಹರಳೆಣ್ಣೆ ಹಚ್ಚಿ ತೀಡುತ್ತಿದ್ದುದನ್ನು ಹಿರಿಯ ವೈದ್ಯರೊಬ್ಬರು ಬಾಗಿಲಲ್ಲಿ ನಿಂತು ನೋಡಿದರು. ಮರುವಾರವೇ ಪೊರಕೆ ಬಿಡಿಸಿ ಚಿಕಿತ್ಸೆಯ ಕೋಣೆಗೆ ಕರೆದುಕೊಂಡರು. ಶಾಸ್ತ್ರದ ಹೆಸರುಗಳು ನಾಲಿಗೆಗೆ ಹತ್ತಲು ಎರಡು ವರ್ಷ ಹಿಡಿಯಿತು. ಬೆರಳಿಗೆ ಹತ್ತಲು ಎರಡು ದಿನ ಸಾಕಾಯಿತು.

ಆ ಬೆರಳಿಗೆ ಹಳೆಯ ಪಾಠವೊಂದಿತ್ತು. ತವರು ಆಳಂದದ ಕಡೆಯ ಹಳ್ಳಿ. ತಾಯಿಯ ತಂದೆ, ಅವರ ಬಾಯಲ್ಲಿ ಮುತ್ಯಾ, ಉಳುಕು ತೆಗೆಯುವುದರಲ್ಲಿ ಹೆಸರಾದವರು. ದನವಿರಲಿ, ಜನವಿರಲಿ. ನಸುಕಿನಲ್ಲಿ ಎತ್ತು ಹೂಡುವ ಮೊದಲು ಮುತ್ಯಾ ಪ್ರತಿ ಎತ್ತಿನ ಕತ್ತಿನ ಮೇಲೂ ಅಂಗೈ ಆಡಿಸುತ್ತಿದ್ದರು. ಬಿಸಿ ಕಂಡರೆ, ಗಂಟು ಸಿಕ್ಕರೆ ಅಲ್ಲೇ ನಿಂತು ಹೆಬ್ಬೆರಳಿನಿಂದ ಒತ್ತಿ ಸಡಿಲಿಸುತ್ತಿದ್ದರು. ಸಡಿಲಾಗದಿದ್ದರೆ ಆ ದಿನ ನೊಗವಿಲ್ಲ. ಒಮ್ಮೆ ಬೀಗರ ಮನೆಯ ಹುಡುಗ ಅವಸರದಲ್ಲಿ ಹಾಗೆಯೇ ನೊಗ ಹೇರಿದ್ದಕ್ಕೆ, "ಕೈ ಮುಟ್ಟಲಾರದ ಕುತ್ತಿಗಿ ಮ್ಯಾಲ ಏನೂ ಇಡಬಾರದೋ ಭಾಡ್ಯಾ" ಎಂದು ಎಲ್ಲರೆದುರು ಬೈದಿದ್ದರಂತೆ. ಎತ್ತಿಗೆ ಮೇವು ಹಾಕುವ ಗ್ವಾದಲಿಯ ಕಟ್ಟೆ ಮೇಲೆ ಕುಳಿತು ಅದನ್ನು ಕೇಳಿಸಿಕೊಂಡ ಏಳು ವರ್ಷದ ಹುಡುಗಿ ಗುರುಬಾಯಿ. ಆ ಮಾತು ಎಲ್ಲಿಗೆ ತಂದು ನಿಲ್ಲಿಸೀತು ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಈಗಿನ ದಿನಚರಿ ಹೀಗಿದೆ. ನಾಲ್ಕೂವರೆಗೆ ಏಳುವುದು. ಕೂಕಟ್‌ಪಲ್ಲಿಯ ಎರಡು ಕೋಣೆಯ ಪೋರ್ಷನ್‌ನಲ್ಲಿ ಹಿಟ್ಟು ನಾದುವ ಕೆಲಸ ಗಂಡ ಮಲ್ಲಣ್ಣನದು; ಹೆಂಡತಿಯ ಹೆಬ್ಬೆರಳ ಕೀಲು ಚಳಿಗಾಲದಲ್ಲಿ ಹಿಡಿಯತೊಡಗಿದ ಮೇಲೆ ಅವರೇ ವಹಿಸಿಕೊಂಡದ್ದು. ರೊಟ್ಟಿ ಬಡಿಯುವುದನ್ನು ಮಾತ್ರ ಗುರುಬಾಯಿ ಬಿಟ್ಟುಕೊಟ್ಟಿಲ್ಲ. ಮೊದಲ ಮೆಟ್ರೊಗಿಂತ ಮುಂಚೆ ಹೊರಡಬೇಕಾದ್ದರಿಂದ ಬಸ್ಸೇ ಗತಿ. ದಿನಕ್ಕೆ ಹದಿನಾಲ್ಕು ಕತ್ತುಗಳು. ಕಂಪ್ಯೂಟರ್ ಕಲಿಯುವ ಹುಡುಗರು, ದರ್ಜಿಗಳು, ಆಟೊದವರು, ತಲೆ ಬಗ್ಗಿಸಿ ಫೋನ್ ನೋಡುವ ಎಲ್ಲ ಜಾತಿಯವರು. ಒಬ್ಬರಿಗೆ ಅವರು ಅಮ್ಮ, ಇನ್ನೊಬ್ಬರಿಗೆ ಖಾಲಾ. ಆಸ್ಪತ್ರೆಯಲ್ಲಿ ಸ್ನಾತಕೋತ್ತರ ಓದುತ್ತಿರುವ ಡಾಕ್ಟರ್ ಹರ್ಷದಾ ಅವರಿಗೆ ಮಾವಶಿ. ಖಾಲಾ ಎಂದರೂ ಮಾವಶಿ ಎಂದರೂ ಚಿಕ್ಕಮ್ಮನೇ.

ಪಟ್ಟಿಯ ಕಥೆ ಶುರುವಾಗುವುದು ಈ ಹರ್ಷದಾ ಅವರಿಂದ. ಕತ್ತು ನೋವಿಗೆ ಮರ್ಮ ಚಿಕಿತ್ಸೆ ಹೆಚ್ಚೋ, ಟೆನ್ಸ್ ಎಂಬ ಕರೆಂಟಿನ ಯಂತ್ರ ಹೆಚ್ಚೋ ಎಂಬುದು ಅವರ ಪ್ರಬಂಧದ ವಿಷಯ. ನಲವತ್ತು ರೋಗಿಗಳು. ಅಂಟಿಸಿದ ಲಕೋಟೆ ಒಡೆದಾಗ ಯಾವ ಚೀಟಿ ಬರುತ್ತದೋ ಆ ಚಿಕಿತ್ಸೆ, ಹದಿನಾಲ್ಕು ದಿನ. ಎರಡನ್ನೂ ಒಬ್ಬರೇ ಮಾಡಬೇಕೆಂದು ಆ ಕೆಲಸ ಗುರುಬಾಯಿಗೆ ಬಂತು. ಪ್ರತಿದಿನ, ನೋವು ಹತ್ತು ಅಂಕಕ್ಕೆ ಎಷ್ಟು ಎಂದು ರೋಗಿಯೇ ಹೇಳಬೇಕು, ಹರ್ಷದಾ ಬರೆದುಕೊಳ್ಳಬೇಕು. ಇದರ ಫಲ ಪ್ರಬಂಧಕ್ಕಷ್ಟೇ ನಿಲ್ಲುವಂತಿರಲಿಲ್ಲ. ಯಂತ್ರ ಕೈಯ ಸರಿಸಮಕ್ಕೆ ನಿಂತರೆ ಮರ್ಮದ ಕೋಣೆಯಲ್ಲಿ ನಾಲ್ಕು ಯಂತ್ರ ಇಡಬಹುದು, ಒಬ್ಬರೇ ನಾಲ್ವರನ್ನು ನೋಡಿಕೊಳ್ಳಬಹುದು ಎಂಬ ಮಾತು ಆಡಳಿತದವರಲ್ಲಿ ನಡೆದಿತ್ತು. ಗುರುಬಾಯಿಯ ಕೆಲಸವೋ ವರ್ಷ ವರ್ಷ ಮುಂದುವರಿಸುವ ಕರಾರಿನದು.

ಏಳು ತಿಂಗಳಲ್ಲಿ ಇಪ್ಪತ್ತೇಳು ಮಂದಿಯ ಸರದಿ ಬಂತು. ಯಂತ್ರ ಸಮಸಮಕ್ಕೇ ಓಡುತ್ತಿತ್ತು.

ಆ ಇಪ್ಪತ್ತೇಳರಲ್ಲಿ ಕೊನೆಯವರು ಪ್ರಾಣೇಶ ರಾವ್. ಸರ್ಕಾರಿ ಲೆಕ್ಕಪತ್ರ ಕಚೇರಿಯಿಂದ ನಿವೃತ್ತರು, ಯಂತ್ರದ ಚೀಟಿ ಬಂದವರು. ನೋವು ಎಷ್ಟು ಎಂದರೆ, "ಐದೂಮುಕ್ಕಾಲು ಬರೀರಿ" ಎನ್ನುವವರು. "ಕಾಕಾ, ಇಲ್ಲಿ ಕಾಲು ಮುಕ್ಕಾಲು ನಡೆಯೂದಿಲ್ಲ. ಐದೋ ಆರೋ?" ಎಂದು ಹರ್ಷದಾ ಕೇಳಿದರೆ, "ಮೂವತ್ತಾರು ವರ್ಷ ಪೈಸೆಕ್ಕ ಪೈಸೆ ಹೊಂದಿಸೀನಿ, ಈಗ ಮುಕ್ಕಾಲು ಬಿಟ್ಟುಬಿಡ್ಲೇನು?" ಎಂದು ಅವರ ಜಗಳ.

ನಡುವೆ ಗುರುಬಾಯಿ ಸೋದರತ್ತೆಯ ಮೊಮ್ಮಗಳ ಮದುವೆಗೆಂದು ನಾಲ್ಕು ದಿನ ಊರಿಗೆ ಹೋದರು. ಆ ನಾಲ್ಕು ದಿನ ಹರ್ಷದಾ ಅವರೇ ಯಂತ್ರ ಹಚ್ಚಿದರು. ಐದನೆಯ ದಿನ ಗುರುಬಾಯಿ ಬಂದು ಎಂದಿನಂತೆ ಪ್ರಾಣೇಶರ ಹಿಂದೆ ನಿಂತಾಗ ಅವರು ಕಣ್ಣು ಮುಚ್ಚಿಕೊಂಡೇ ಹೇಳಿದರು: "ಅಂತೂ ಬಂದ್ರಿ ಮಾರಾಯ್ತಿ! ನಾಲ್ಕು ದಿನ ಈ ಡಬ್ಬಿ ಸುಮ್ನ ಗುಂಯ್ ಅಂತಿತ್ತು ನೋಡ್ರಿ. ನೀವು ಹಚ್ಚಿದ್ರನ ಅದಕ್ಕ ಜೀವ ಬರ್ತದ."

ಗುರುಬಾಯಿ ನಕ್ಕರು. ನಗುತ್ತ ಕೆಳಗೆ ನೋಡಿದರು. ಬಿಲ್ಲೆಗಳು ಇನ್ನೂ ಟ್ರೇಯಲ್ಲೇ ಇದ್ದವು. ಅವರ ಅಂಗೈ ಪ್ರಾಣೇಶರ ಕತ್ತಿನ ಮೇಲಿತ್ತು, ಹೆಬ್ಬೆರಳು ಎಡಬದಿಯ ಗಂಟೊಂದನ್ನು ಹುಡುಕಿ ಆಗಲೇ ಒತ್ತುತ್ತಿತ್ತು.

ಬಿಲ್ಲೆ ಅಂಟಿಸುವ ಮೊದಲು ಕತ್ತು ಮುಟ್ಟಿ ನೋಡುವುದು, ಗಂಟು ಸಿಕ್ಕರೆ ಒತ್ತಿ ಸಡಿಲಿಸುವುದು. ಏಳು ತಿಂಗಳಿನಿಂದ, ಯಂತ್ರದ ಪ್ರತಿಯೊಬ್ಬ ರೋಗಿಗೂ, ಪ್ರತಿದಿನವೂ. ಮಾಡುತ್ತಿದ್ದೇನೆಂಬ ಅರಿವೂ ಅವರಿಗಿರಲಿಲ್ಲ. ಕೈ ಮುಟ್ಟದ ಕತ್ತಿನ ಮೇಲೆ ಏನೂ ಇಡಬಾರದಲ್ಲ! ಹಾಗೆ ಯಂತ್ರದ ಹೆಸರಿನಲ್ಲಿ ಬರೆದುಕೊಂಡ ಗುಣದಲ್ಲಿ ಅವರ ಬೆರಳಿನ ಪಾಲೂ ಸೇರಿಕೊಂಡಿತ್ತು. ಎಷ್ಟು ಪಾಲು ಎಂದು ಬೇರ್ಪಡಿಸಿ ಹೇಳಲು ಯಾರಿಂದಲೂ ಆಗುವಂತಿರಲಿಲ್ಲ.

ಸಂಜೆ ರೊಟ್ಟಿ ಬಡಿಯುತ್ತ ಮಲ್ಲಣ್ಣನಿಗೆ ಹೇಳಿದರು. ಮಲ್ಲಣ್ಣ ಬೇಗಂ ಬಜಾರಿನ ಬೇಳೆ ಅಂಗಡಿಯಲ್ಲಿ ತೂಕದ ಕೆಲಸ ಮಾಡುವವರು.

"ಯಾರರೆ ನೋಡ್ಯಾರೇನು?"

"ಇಲ್ಲ."

"ಆ ಡಾಕ್ಟರ್ ಬಾಯಿ?"

"ಆಕಿ ಕಾಗದದಾಗ ಮುಖಾ ಇಟ್ಟಿರ್ತಾಳ. ನೋಡಿಲ್ಲ."

"ಮತ್ತ್ಯಾಕ ಹೇಳ್ತಿ? ಹೇಳಿದ್ರ ಆಕಿ ಪರೀಕ್ಷಾನೂ ಹೋತು, ನಿನ್ನ ಕರಾರೂ ಹೋತು. ಯಾರೂ ನೋಡಿಲ್ಲಂದ್ರ ಮುಗೀತಲ್ಲ."

"ನನ್ನ ಹೆಬ್ಬಟ್ಟ ನೋಡೇತಲ್ಲ," ಎಂದರು ಗುರುಬಾಯಿ. "ನೀವು ತಕ್ಕಡ್ಯಾಗ ಹೆಬ್ಬಟ್ಟ ಇಟ್ಟು ತೂಗತೀರೇನು?"

ಮಲ್ಲಣ್ಣ ತಟ್ಟೆ ಮುಂದಕ್ಕೆ ಎಳೆದುಕೊಂಡರು. ಎರಡು ರೊಟ್ಟಿ ಹೆಚ್ಚೇ ತಿಂದರು ಎಂದು ಗುರುಬಾಯಿ ನೆನೆಯುತ್ತಾರೆ.

ಮರುದಿನ ಹರ್ಷದಾ ಎಲ್ಲವನ್ನೂ ಕೇಳಿ ಪೆನ್ನು ಕೆಳಗಿಟ್ಟರು. "ಎಷ್ಟು ಮಂದಿಗೆ?" ಎಂದರು. "ಮಷಿನ್ನಿನ ಹದಿಮೂರೂ ಮಂದಿಗಿ," ಎಂದರು ಇವರು. ಪ್ರಬಂಧದ ಮಾರ್ಗದರ್ಶಕರ ಎದುರು ಇಬ್ಬರೂ ನಿಂತರು. ಇಪ್ಪತ್ತೇಳು ಮಂದಿಯ ಹಾಳೆಗಳೂ ಕಪಾಟು ಸೇರಿದವು. ಮೊದಲಿನಿಂದ ಶುರು. ಪ್ರಬಂಧ ಒಪ್ಪಿಸುವ ದಿನ ಆರು ತಿಂಗಳು ಮುಂದಕ್ಕೆ ಹೋಯಿತು. ಆ ವರ್ಷ ನಿಶ್ಚಯವಾಗಿದ್ದ ಹರ್ಷದಾ ಅವರ ಬೇರೆ ಊರಿನ ನೌಕರಿಯೂ ಕೈತಪ್ಪಿತು. ಗುರುಬಾಯಿಯ ಫೈಲಿನಲ್ಲಿ ಒಂದು ಎಚ್ಚರಿಕೆಯ ಪತ್ರ ಸೇರಿತು; ಕರಾರು ಸದ್ಯಕ್ಕೆ ಉಳಿಯಿತು.

"ಪತ್ರಕ್ಕ ನಾ ಅಂಜಿಲ್ರಿ," ಎನ್ನುತ್ತಾರೆ ಅವರು. "ಎಂಟು ದಿನ ಆಕಿ ನನಗ ಮಾವಶಿ ಅನ್ಲಿಲ್ಲ. ಗುರುಬಾಯಿಯವರ, ಗುರುಬಾಯಿಯವರ ಅಂತ ಮರ್ಯಾದಿ ಕೊಟ್ಟು ಮಾತಾಡಿದ್ಲು. ಅದು ಭಾಳ ಹತ್ತಿತು."

ಒಂಬತ್ತನೆಯ ದಿನ ಹರ್ಷದಾ ಅಳತೆಯ ಟೇಪು, ಪೆನ್ಸಿಲು ಹಿಡಿದು ಬಂದರು. ಎಲುಬಿನಿಂದ ಅಳೆದು ಬಿಲ್ಲೆಯ ಜಾಗ ತಾವೇ ಗುರುತು ಮಾಡುವುದಾಗಿಯೂ, ಹುಡುಕುವ ನೆಪ ಕೈಗೆ ಇರದಂತೆ ಮಾಡುವುದಾಗಿಯೂ ಹೇಳಿ, "ಮಾವಶಿ, ಕೈ ಕಟ್ಟಿ ಹಾಕ್ಕೊಂಡು ಕೂಡ್ತೀರೇನು?" ಎಂದರು. ಗುರುಬಾಯಿ ಮಾತನ್ನು ಮಾತಿನಂತೆಯೇ ತೆಗೆದುಕೊಂಡರು. ಮಾರನೆಯ ದಿನ ಮನೆಯಿಂದ ಧೋತರದ ಪಟ್ಟಿ ತಂದರು. ಬಟ್ಟೆ ಕಟ್ಟಿದ ಬೆರಳು ಚರ್ಮಕ್ಕೆ ತಾಗಿದರೂ ಗಂಟು ತಿಳಿಯುವುದಿಲ್ಲ. ತಾಗಿದ ಕೂಡಲೇ ಇವರಿಗೆ ಎಚ್ಚರಾಗುತ್ತದೆ. ಮೊದಲ ವಾರ ದಿನಕ್ಕೆ ನಾಲ್ಕೈದು ಸಲ ಹಾಗೆ ಎಚ್ಚರಾಯಿತಂತೆ. ಈಗ ಇಲ್ಲ.

ಹರ್ಷದಾ ಈಗ ನಗುತ್ತ ಹೇಳುತ್ತಾರೆ: "ಸಿಟ್ಟು ಬಂದಿತ್ತು, ಸುಳ್ಳು ಯಾಕ ಹೇಳ್ಲಿ? ಒಂದಿನ ಅತ್ತೂ ಬಿಟ್ಟೆ. ಆದ್ರ ಅವರು ಸುಮ್ನಿದ್ದಿದ್ರ ನಾ ಒಂದು ಸುಳ್ಳು ಪುಸ್ತಕಾ ಬರೀತಿದ್ದೆ, ಅದೂ ಖರೇ ಅಂತ ತಿಳ್ಕೊಂಡು."

ಪ್ರಬಂಧದ ಲೆಕ್ಕದಿಂದ ಹೆಸರು ಹೊಡೆಸಿಕೊಂಡ ಪ್ರಾಣೇಶ ರಾವ್ ಈಗ ಸಾಮಾನ್ಯ ರೋಗಿಯಾಗಿ ವಾರಕ್ಕೊಮ್ಮೆ ಬರುತ್ತಾರೆ. ಚೀಟಿಯ ಕಟ್ಟಿಲ್ಲ, ಯಾವುದು ಬೇಕಾದರೂ ಕೇಳಬಹುದು. "ಮೊದ್ಲ ಕೈ, ಆಮ್ಯಾಲ ಕರೆಂಟು," ಎನ್ನುತ್ತಾರೆ. "ಊಟಾನೂ ಇರ್ಲಿ, ಎಲಿ-ಅಡಿಕಿನೂ ಇರ್ಲಿ." ಯಾವುದು ಊಟ, ಯಾವುದು ಎಲಿ-ಅಡಿಕಿ ಎಂದು ಗುರುಬಾಯಿ ಕೇಳಿದರೆ, ಅದನ್ನು ಮಾತ್ರ ಲೆಕ್ಕದ ಮನುಷ್ಯ ಬಾಯಿಬಿಟ್ಟು ಹೇಳುವುದಿಲ್ಲ.

ಈ ಸುತ್ತಿನಲ್ಲಿ ದರ್ಜಿಯೂ ಸೇರಿ ಮೂವತ್ತನಾಲ್ಕು ಮಂದಿಯ ಲಕೋಟೆ ಒಡೆದಾಗಿದೆ. ಆರು ಲಕೋಟೆ ಉಳಿದಿವೆ. ಯಾರು ಮುಂದಿದ್ದಾರೆ ಎಂದು ಗುರುಬಾಯಿಗೆ ಗೊತ್ತಿಲ್ಲ, ಕೇಳಿಯೂ ಇಲ್ಲ. ಹಾಳೆಗಳನ್ನು ಕೂಡಿಸಿ ನೋಡುವುದು ಎಲ್ಲ ಮುಗಿದ ಮೇಲೆ. ಆಡಳಿತದವರು ಕಾಯುತ್ತಿದ್ದಾರೆ. ಮರ್ಮದ ಕೋಣೆ ಉಳಿಯುತ್ತದೋ, ಅಲ್ಲಿ ನಾಲ್ಕು ಯಂತ್ರ ಬರುತ್ತವೋ ಆಗ ತಿಳಿಯುತ್ತದೆ.

ದರ್ಜಿಯ ಇಪ್ಪತ್ತು ನಿಮಿಷ ಮುಗಿದು ಯಂತ್ರ ಕೀಂಯ್ ಎನ್ನುತ್ತದೆ. ಗುರುಬಾಯಿ ಬಿಲ್ಲೆ ಬಿಡಿಸುತ್ತಾರೆ. ಅವನು ಕತ್ತು ಎಡಕ್ಕೆ ತಿರುಗಿಸಿ ನೋಡುತ್ತಾನೆ. ನಿನ್ನೆಗಿಂತ ಸ್ವಲ್ಪ ಸಡಿಲ. ಹರ್ಷದಾ ಕೇಳಿದ್ದಕ್ಕೆ ಆರು ಎನ್ನುತ್ತಾನೆ. ನಿನ್ನೆ ಏಳು ಇತ್ತು. ಅವನ ಬಲಬದಿಯಲ್ಲಿ ಗಂಟೊಂದು ಉಬ್ಬಿರುವುದು ಗುರುಬಾಯಿಯ ಕಣ್ಣಿಗೇ ಕಾಣುತ್ತಿದೆ. ಅವರು ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲುತ್ತಾರೆ. ಹದಿನಾಲ್ಕು ದಿನ ಮುಗಿದ ಮರುದಿನ ಒಮ್ಮೆ ಬಂದು ಹೋಗು, ಆ ಗಂಟು ನೋಡುತ್ತೇನೆ ಎಂದಷ್ಟೇ ಅವನ ಭಾಷೆಯಲ್ಲಿ ಹೇಳಿ ಕಳಿಸುತ್ತಾರೆ.

ಆಮೇಲೆ ಪಟ್ಟಿ ಬಿಚ್ಚುತ್ತ, ಪಕ್ಕದ ಕೋಣೆಗೆ ನಡೆಯುತ್ತ ಹೇಳುತ್ತಾರೆ: "ಕೈ ಗೆದ್ರ ಛಲೋ ಆತು, ಕೆಲಸ ಉಳೀತೈತಿ. ಮಷಿನ್ ಗೆದ್ರೂ ಗೆಲ್ಲಲಿ ಬಿಡ್ರಿ. ಆದ್ರ ಈ ಸಲ ಅದು ತಾನ ಗೆದ್ದಿರತೈತಿ. ನಾ ಗೆಲ್ಲಿಸಿದ್ದಲ್ಲ."