ಬಿಳಿ ಕಾರನ್ನು ಅಡ್ಡಡ್ಡ ಓಡಿಸಿದ್ದು

ಕಾರಿನ ಪಂದ್ಯಗಳಲ್ಲಿ ಆಟೊಕ್ರಾಸ್ ಬಿಟ್ಟು ಡ್ರಿಫ್ಟಿಂಗ್ ಯಾಕೆ ಹಿಡಿದಿರಿ ಎಂದು ಯಾರಾದರೂ ಕೇಳಿದರೆ ನಾನು ಬಹಳ ದಿನ ಒಂದು ಗಂಭೀರ ಉತ್ತರ ಕೊಡುತ್ತಿದ್ದೆ. ಆಟೊಕ್ರಾಸ್‌ನಲ್ಲಿ ಗಡಿಯಾರ ಹೇಳಿದ್ದೇ ಕೊನೆಯ ಮಾತು, ಡ್ರಿಫ್ಟಿಂಗ್‌ನಲ್ಲಿ ಓಡಿಸುವವನ ಕಲೆಗೆ ಬೆಲೆ, ಮನುಷ್ಯ ನಲವತ್ತು ದಾಟಿದ ಮೇಲೆ ಕಲೆಯ ಕಡೆ ಹೊರಳಬೇಕು ಎಂದೆಲ್ಲ. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ಕನ್ನಡದ ಮೇಷ್ಟ್ರು ತಲೆದೂಗಿದ್ದರು. ನಿಜವಾದ ಕಾರಣ ಬೇರೆ. ಆಟೊಕ್ರಾಸ್‌ನಲ್ಲಿ ನನ್ನ ಹೆಂಡತಿ ಪ್ರತಿ ಸಲವೂ ನನ್ನನ್ನು ಸೋಲಿಸುತ್ತಿದ್ದಳು.

ನಮ್ಮ ಮನೆ ಅಫಜಲಪುರದಲ್ಲಿ. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಆಕೆ ದನದ ಡಾಕ್ಟರು. ಘರ್ಷಣೆ, ವೇಗ, ಕೇಂದ್ರಾಭಿಮುಖ ಬಲ ಎಲ್ಲವನ್ನೂ ಬೋರ್ಡಿನ ಮೇಲೆ ಬರೆದು ತೋರಿಸುವವನು ನಾನು. ಆಕೆ ಮಾತ್ರ ದಿನಬೆಳಗಾದರೆ ಕಬ್ಬಿನ ಹೊಲಗಳ ನಡುವಿನ ಬಂಡಿದಾರಿಯಲ್ಲಿ ಕಾರು ಓಡಿಸಿ, ಎರಡು ಗಾಲಿ ಹಿಡಿಸುವಷ್ಟು ಜಾಗದಲ್ಲಿ ಅದನ್ನು ಹಿಂದಕ್ಕೆ ತಿರುಗಿಸಿಕೊಂಡು, ಹಾಲು ಕೊಡದ ಎಮ್ಮೆಯನ್ನು ನೋಡಿ ಬರುವವಳು. ಇಬ್ಬರೂ ಒಂದೇ ಕೆಂಪು ಕಾರು ಓಡಿಸುತ್ತಿದ್ದೆವು. ಸೋಲಿಗೆ ಕಾರಿನ ನೆಪವೂ ಹೇಳುವಂತಿರಲಿಲ್ಲ.

ಆಟೊಕ್ರಾಸ್ ನಡೆಯುತ್ತಿದ್ದುದು ಜೇವರ್ಗಿಯ ಹೊರಗಿನ ಒಂದು ಖಾಲಿ ಮೈದಾನದಲ್ಲಿ. ನಮ್ಮಂಥ ಹವ್ಯಾಸಿಗಳು ಹತ್ತು ಹದಿನೈದು ಮಂದಿ ಸೇರುತ್ತಿದ್ದೆವು. ನೆಲದ ಮೇಲೆ ಪ್ಲಾಸ್ಟಿಕ್ ಕೋನ್‌ಗಳನ್ನಿಟ್ಟು ದಾರಿ ಮಾಡುತ್ತಾರೆ. ಒಬ್ಬೊಬ್ಬರೇ ಆ ದಾರಿಯಲ್ಲಿ ಓಡಿಸಬೇಕು. ಕಡಿಮೆ ಹೊತ್ತಿನಲ್ಲಿ ಮುಗಿಸಿದವರು ಗೆದ್ದಂತೆ. ಕೋನ್ ತಾಗಿದರೆ ದಂಡವಾಗಿ ಸೆಕೆಂಡು ಸೇರಿಸುತ್ತಾರೆ. ಹೆಂಡತಿ ಓಡಿಸುವಾಗ ಕಾರು ದಾರದ ಮೇಲೆ ಜಾರಿದ ಮಣಿಯ ಹಾಗೆ ಹೋಗಿ ಬರುತ್ತಿತ್ತು. ಧೂಳು ಕೂಡ ಹೆಚ್ಚು ಏಳುತ್ತಿರಲಿಲ್ಲ. ನಾನೂ ಬರಾಬರಿಯೇ ಓಡಿಸುತ್ತಿದ್ದೆ, ಕೊನೆಯ ತಿರುವಿನ ತನಕ. ಜನ ನಿಂತು ನೋಡುತ್ತಿದ್ದುದು ಅಲ್ಲೇ. ಆ ತಿರುವು ಬಂದ ಕೂಡಲೇ ನನ್ನ ಕೈ ಹ್ಯಾಂಡ್‌ಬ್ರೇಕ್ ಮೇಲೆ ಹೋಗಿಬಿಡುತ್ತಿತ್ತು. ಎಳೆದರೆ ಕಾರಿನ ಹಿಂಭಾಗ ಸರ್ರನೆ ಜಾರಿ ಅಡ್ಡ ಬರುತ್ತಿತ್ತು, ಧೂಳು ಎದ್ದು ಎರಡಾಳು ಎತ್ತರ ನಿಲ್ಲುತ್ತಿತ್ತು, ಜನ ಚಪ್ಪಾಳೆ ತಟ್ಟುತ್ತಿದ್ದರು. ನಾನು ಇಳಿದು ಬಂದಾಗ ಹೆಂಡತಿ ಸ್ಟಾಪ್‌ವಾಚ್ ತೋರಿಸುತ್ತಿದ್ದಳು.

"ಎರಡು ಸೆಕೆಂಡ್ ಹೋತು ನೋಡ್ರಿ. ಚಪ್ಪಾಳಿ ಬೀಳೋ ತಿರುವಿನ್ಯಾಗ ನಿಮ್ಮ ಟೈಮ್ ಹೋಗ್ತದ."

"ಚಪ್ಪಾಳಿಗೆ ಏನೂ ಕಿಮ್ಮತ್ತಿಲ್ಲೇನು?"

"ಆಟೊಕ್ರಾಸ್‌ನ್ಯಾಗ ಇಲ್ರಿ."

ಮೂರು ವರ್ಷ ಈ ಮಾತು ಕೇಳಿದ ಮೇಲೆ, ಜಾರುವುದಕ್ಕೇ ಮಾರ್ಕು ಕೊಡುವ ಆಟವೊಂದಿದೆ ಎಂದು ತಿಳಿದಾಗ ನನಗೆ ಎಷ್ಟು ಹಿಗ್ಗಾಗಿರಬೇಡ. ಡ್ರಿಫ್ಟಿಂಗ್ ಎಂದರೆ ಅದೇ. ಹಿಂದಿನ ಗಾಲಿ ಬೇಕೆಂದೇ ಜಾರಿಸಿ, ಕಾರನ್ನು ಅಡ್ಡ ಹಿಡಿದುಕೊಂಡೇ ತಿರುವನ್ನು ದಾಟಿಸಬೇಕು. ಎಷ್ಟು ಅಡ್ಡ ಹೋಯಿತು, ಎಷ್ಟು ಹೊತ್ತು ಕೈ ತಪ್ಪದೆ ನಿಂತಿತು ಎಂದು ಮೂವರು ಜಡ್ಜುಗಳು ನೋಡಿ ಮಾರ್ಕು ಹಾಕುತ್ತಾರೆ. ಅಲ್ಲಿ ಸ್ಟಾಪ್‌ವಾಚೇ ಇರುವುದಿಲ್ಲ.

ಆದರೆ ಎಂಜಿನ್ನಿನ ಶಕ್ತಿ ಹಿಂದಿನ ಗಾಲಿಗೆ ಹೋಗುವ ಕಾರು ಬೇಕು. ನಮ್ಮ ಕೆಂಪು ಕಾರಿನದು ಮುಂದಿನ ಗಾಲಿಗೆ. ಹುಡುಕಿ ಹುಡುಕಿ ಕೊನೆಗೆ ಕಲಬುರಗಿಯಲ್ಲಿ ಹರಾಜಿಗೆ ಬಂದ ಹಳೆಯ ಸರ್ಕಾರಿ ಕಾರೊಂದನ್ನು ತಂದೆ. ದಪ್ಪ ಹೊಟ್ಟೆಯ ಬಿಳಿ ಕಾರು. ಯಾವ ಅಧಿಕಾರಿಯನ್ನು ಎಷ್ಟು ವರ್ಷ ಹೊತ್ತು ತಿರುಗಿತ್ತೋ ಏನೋ, ಸೀಟಿಗೆ ಹೊದಿಸಿದ್ದ ಬಿಳಿ ಟವೆಲ್ಲು ಹಾಗೇ ಇತ್ತು. ಮೇಲೆ ಕೆಂಪು ದೀಪ ಕೂರಿಸಿದ್ದ ತೂತಿಗೆ ಯಾರೋ ತಗಡು ಬಡಿದಿದ್ದರು. ಮನೆಗೆ ತರುವಾಗ ಗಾಣಗಾಪುರದ ಕ್ರಾಸಿನಲ್ಲಿ ಪೊಲೀಸಪ್ಪನೊಬ್ಬ ಎದ್ದು ನಿಂತು ಸೆಲ್ಯೂಟ್ ಹೊಡೆದ. ನಾನೂ ಗಂಭೀರವಾಗಿ ತಲೆಯಾಡಿಸಿ ಮುಂದೆ ಬಂದೆ. ಇದು ಚಟವಾಗುತ್ತದೆ ಎಂದು ಆಗಲೇ ಅನಿಸಿತ್ತು.

ಟಾಯರ್ ಅಂಗಡಿಯವನಿಗೆ ನನ್ನ ತಲೆಯ ಮೇಲೆ ಅನುಮಾನ ಬಂದದ್ದು ಮರುದಿನ. "ಹಿಂದಿನ ಗಾಲಿಗೆ ಸವೆದ ಟಾಯರ್ ಬೇಕಾಗಿದ್ವು" ಎಂದೆ.

"ಸವೆದದ್ದು ತೆಗೀಬೇಕೇನ್ರಿ ಸರ್?"

"ತೆಗಿಯೋದಲ್ಲ, ಹಾಕೋದು. ಪೂರಾ ನುಣ್ಣಗಾದದ್ದು ಇದ್ರ ಇನ್ನೂ ಚಲೋ."

ಆತ ಕೈಯಲ್ಲಿದ್ದ ಟ್ಯೂಬು ಕೆಳಗಿಟ್ಟು, "ಮ್ಯಾಡಮ್ಮಾರಿಗೆ ಗೊತ್ತದೇನ್ರಿ?" ಎಂದು ಕೇಳಿದ. ಗೊತ್ತಿದೆ ಎಂದು ಫೋನ್ ಹಚ್ಚಿಕೊಟ್ಟ ಮೇಲೇ ಅಂಗಡಿಯ ಹಿಂದಿನ ಗುಡ್ಡೆಯಿಂದ ಎರಡು ಟಾಯರ್ ತೆಗೆದುಕೊಟ್ಟ.

ಇನ್ನು ಜಾಗ ಬೇಕಿತ್ತು. ರಸ್ತೆಯಲ್ಲಿ ಇಂಥದ್ದನ್ನೆಲ್ಲ ಮಾಡಬಾರದು, ಮಾಡುವಷ್ಟು ಹುಚ್ಚು ನನಗೂ ಇರಲಿಲ್ಲ. ಆಳಂದದ ಹೊರಗೆ ಹೊಸ ಲೇಔಟ್ ಒಂದಾಗಿದೆ, ಇನ್ನೂ ಒಂದು ಮನೆಯೂ ಎದ್ದಿಲ್ಲ, ನಡುವೆ ದೊಡ್ಡ ಸರ್ಕಲ್ ಇದೆ ಎಂದು ಯಾರೋ ಹೇಳಿದರು. ಒಂದು ಭಾನುವಾರ ಬೆಳಿಗ್ಗೆ ಅದನ್ನು ನೋಡಲು ಹೊರಟೆವು. ಮುಂದಿನ ಎಡಬಾಗಿಲು ಕೆಟ್ಟು ಕೂತಿದ್ದರಿಂದ ಹೆಂಡತಿ ಹಿಂದಿನ ಸೀಟಿನಲ್ಲಿ ಕೂತಿದ್ದಳು. ತೊಡೆಯ ಮೇಲೆ ಲಸಿಕೆ ಹಾಕಿದ ದನಗಳ ರಿಜಿಸ್ಟರು, ಹಾದಿಯಲ್ಲಿ ಬರೆದು ಮುಗಿಸಬೇಕೆಂದು ತಂದದ್ದು.

ಕಮಾನಿನೊಳಗೆ ಕಾರು ನುಗ್ಗುತ್ತಿದ್ದಂತೆಯೇ ತಗಡಿನ ಆಫೀಸಿನಿಂದ ಲೇಔಟಿನ ಮಾಲೀಕರು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಓಡಿ ಬಂದರು. ಬಿಳಿ ಕಾರು, ಬಿಳಿ ಟವೆಲ್ಲು, ಹಿಂದಿನ ಸೀಟಿನಲ್ಲಿ ರಿಜಿಸ್ಟರು ಹಿಡಿದ ಹೆಣ್ಣುಮಗಳು. ಅವರ ಮುಖ ನೋಡಿಯೇ ನನಗೆ ವಿಷಯ ತಿಳಿಯಿತು.

"ಬರ್ರಿ ಸಾಹೇಬ್ರ, ಬರ್ರಿ ಮ್ಯಾಡಮ್. ಒಂದ್ ಫೋನ್ ಮಾಡಿದ್ರ ನಾನೇ ಆಫೀಸಿಗೆ ಬರ್ತಿದ್ನಲ್ರಿ."

ನಾನು ಸಾಹೇಬನಲ್ಲ ಎಂದು ಹೇಳಲು ಬಾಯಿ ತೆರೆದದ್ದು ನಿಜ. ಅಷ್ಟರಲ್ಲಿ ಚಹಾ ಬಂತು, ಜೊತೆಗೆ ತಟ್ಟೆಯಲ್ಲಿ ಬಿಸ್ಕೀಟು, ಚೂಡಾ. ತೆರೆದ ಬಾಯಿಗೆ ಬಿಸ್ಕೀಟು ಹಾಕಿಕೊಂಡೆ. ಹೆಂಡತಿ ಕನ್ನಡಿಯಲ್ಲಿ ನನ್ನನ್ನು ದಿಟ್ಟಿಸುತ್ತಿದ್ದಳು. ನಾನು ಕನ್ನಡಿ ನೋಡಲಿಲ್ಲ.

"ಗಟಾರದ ಕೆಲಸ ಮುಂದಿನ ತಿಂಗಳು ಮುಗೀತದ್ರಿ," ಎಂದು ಅವರೇ ಶುರು ಮಾಡಿದರು. "ಗಾರ್ಡನ್ ಜಾಗಾ ಬಿಟ್ಟೀವ್ರಿ. ಎಲ್ಲಾ ಕಾಯ್ದೆ ಪ್ರಕಾರನೇ ಅದ."

"ಸರ್ಕಲ್ ಎಲ್ಲದ?" ಎಂದೆ. ನಾವು ನೋಡಲು ಬಂದದ್ದು ಅದನ್ನೇ, ಅದರಲ್ಲೇನೂ ಸುಳ್ಳಿರಲಿಲ್ಲ.

ಅವರೇ ಮುಂದೆ ನಡೆದು ತೋರಿಸಿದರು. ಸುತ್ತ ಕೆಂಪು ಮುರುಮು ಹಾಕಿ, ನೀರು ಹೊಡೆದು, ರೋಲರ್ ಆಡಿಸಿದ ಅಗಲವಾದ ದಾರಿ. ಡಾಂಬರು ಇನ್ನೂ ಬಿದ್ದಿರಲಿಲ್ಲ. ನೋಡಿ ನನ್ನ ಅಂಗಾಲು ತುರಿಸಿತು.

"ರಸ್ತಾ ನಲವತ್ತು ಫೂಟ್ ಅದ್ರಿ. ಟೇಪ್ ತರಿಸ್ಲೇನ್ರಿ?"

"ಟೇಪ್ ಬ್ಯಾಡ. ಗಾಡೀಲೇ ನೋಡ್ತೇನಿ."

ಅವರು ಬದಿಗೆ ಸರಿದು ಕೈಕಟ್ಟಿ ನಿಂತರು. ನಾನು ಎರಡನೇ ಗೇರಿನಲ್ಲಿ ಸರ್ಕಲ್ ಹೊಕ್ಕು, ಸ್ಟೇರಿಂಗ್ ತಿರುಗಿಸಿ, ಕ್ಲಚ್ ಒಮ್ಮೆ ಒದ್ದು ಬಿಟ್ಟೆ. ಇಷ್ಟು ವರ್ಷ ಅಧಿಕಾರಿಗಳನ್ನು ಮೆಲ್ಲಗೆ ಹೊತ್ತು ತಿರುಗಿದ ಆ ಕಾರು ಒಮ್ಮೆಲೇ ಸೊಂಟ ತಿರುವಿತು. ಕಾಲು ಸರ್ಕಲ್ ಅಡ್ಡಡ್ಡ ಹೋದೆವು. ಆಮೇಲೆ ಅದು ನನ್ನ ಮಾತು ಕೇಳದೆ ಪೂರ್ತಿ ಒಂದು ಗಿರಕಿ ಹೊಡೆದು, ಮಾಲೀಕರ ಕಡೆಗೇ ಮುಖ ಮಾಡಿ ನಿಂತಿತು. ಧೂಳು ಇಳಿದ ಮೇಲೆ ನೋಡಿದರೆ ಅವರು ಕಟ್ಟಿದ ಕೈ ಬಿಟ್ಟಿರಲಿಲ್ಲ. ಹುಬ್ಬು ಮಾತ್ರ ಕೆಂಪಾಗಿತ್ತು.

"ಸಾಹೇಬ್ರ," ಎಂದರು ಬಹಳ ಮೆಲ್ಲಗೆ, "ಇದು ಯಾವ ಟೆಸ್ಟ್ ರೀ?"

ಹೆಂಡತಿ ಕಿಟಕಿಯಿಂದ ತಲೆ ಹೊರಹಾಕಿದಳು. "ಅವ್ರು ಸಾಹೇಬ್ರಲ್ರಿ ಅಣ್ಣಾ. ಕಾಲೇಜ್ ಮೇಷ್ಟ್ರು. ನಾ ದನದ ಡಾಕ್ಟರ್."

ಮಾಲೀಕರು ಅಲ್ಲೇ ಇದ್ದ ಗಡಿಕಲ್ಲಿನ ಮೇಲೆ ಕೂತರು. ಬೈಯುತ್ತಾರೆಂದು ನಾನು ಕೆಳಗಿಳಿದು ತಲೆ ಬಗ್ಗಿಸಿ ನಿಂತೆ. ಅವರು ಕರ್ಚೀಫಿನಿಂದ ಮುಖ ಒರೆಸಿಕೊಂಡು, "ಹಂಗಾದ್ರ ನನ್ನ ಚಾ ವಾಪಸ್ ಕೊಡ್ರಿ," ಎಂದರು. ಆಮೇಲೆ ಕರ್ಚೀಫು ಮಡಚಿ ಜೇಬಿಗಿಟ್ಟು, "ಅದೇನ್ ಮಾಡಿದ್ರಿ, ಇನ್ನೊಮ್ಮೆ ಮಾಡ್ರಿ. ಆಗ ಅಂಜಿಕೆದಾಗ ಬರಾಬರ್ ನೋಡ್ಲಿಲ್ಲ" ಎಂದರು.

ಡಾಂಬರು ಬೀಳುವ ತನಕ ಭಾನುವಾರ ಬೆಳಿಗ್ಗೆ ಬಂದು ಆಡಲು ಒಪ್ಪಿದರು. ನಾವು ಆಡುವುದನ್ನು ನೋಡಲು ಜನ ಬರಬೇಕು, ಬಂದವರು ಪ್ಲಾಟ್ ನೋಡಬೇಕು, ಇಷ್ಟೇ ಅವರ ಷರತ್ತು. ಜೇವರ್ಗಿಯ ಗೆಳೆಯರು, ಕಲಬುರಗಿಯವರು ಎಲ್ಲ ಸೇರಿ ಎರಡು ತಿಂಗಳ ಮೇಲೆ ಅಲ್ಲೇ ಒಂದು ಸಣ್ಣ ಪಂದ್ಯ ಇಟ್ಟರು. ಸರ್ಕಲ್ಲಿನೊಳಗೆ ಅಡ್ಡ ನುಗ್ಗಿ, ಒಂದು ಸುತ್ತು ಅಡ್ಡವೇ ಹಿಡಿದು, ಆಚೆ ಕಡೆಯಿಂದ ಹೊರಬರಬೇಕು. ಏಳು ಮಂದಿ ಓಡಿಸುವವರು, ಶಾಮಿಯಾನದ ಕೆಳಗೆ ಮೂವರು ಜಡ್ಜುಗಳು. ಮೈಕು ಮಾಲೀಕರ ಕೈಯಲ್ಲಿ. ಒಂದು ಕಾರು ಹೋಗಿ ಇನ್ನೊಂದು ಬರುವುದರೊಳಗೆ ಅವರು ಲೇಔಟಿನ ನೀರಿನ ಅನುಕೂಲ ವಿವರಿಸುತ್ತಿದ್ದರು.

ನಾನು ಚೆನ್ನಾಗಿ ಓಡಿಸಿದೆ. ಮುಕ್ಕಾಲು ಸುತ್ತು ಕಾರು ಅಡ್ಡವೇ ಇತ್ತು, ಹೊರಬರುವಾಗ ಮಾತ್ರ ಒಂದು ಗಡಿಕಲ್ಲು ಕೆಡವಿದೆ. ಏಳರಲ್ಲಿ ನಾಲ್ಕನೆಯವನಾದೆ. ನನ್ನ ಕಣ್ಣು ಆ ಮೊದಲ ಮೂವರ ಮೇಲೆ ಇರಲೇ ಇಲ್ಲ, ಯಾಕೆಂದರೆ ಸರದಿಯಲ್ಲಿ ಏಳನೆಯವಳಾಗಿ ಅದೇ ಬಿಳಿ ಕಾರಿನಲ್ಲಿ ನನ್ನ ಹೆಂಡತಿ ಹೊರಟಿದ್ದಳು.

ಆಕೆ ಸರಿಯಾದ ಜಾಗದಲ್ಲೇ ಕ್ಲಚ್ ಒದ್ದಳು. ಹಿಂದಿನ ಗಾಲಿ ಜಾರಿತು. ಆದರೆ ಜಾರಿದ ಮರುಕ್ಷಣ ಆಕೆಯ ಕೈ ಸ್ಟೇರಿಂಗನ್ನು ತಿರುಗಿಸಿ ಕಾರನ್ನು ಸರಿದಾರಿಗೆ ತಂದುಬಿಟ್ಟಿತು. ಮತ್ತೆ ಜಾರಿಸಿದಳು, ಮತ್ತೆ ಸರಿಯಾಯಿತು. ಹೀಗೆ ಕಾರು ಎಲ್ಲೂ ತಾಗದೆ, ಧೂಳೆಬ್ಬಿಸದೆ, ಸರ್ಕಲ್ಲನ್ನು ಅಚ್ಚುಕಟ್ಟಾಗಿ ಸುತ್ತಿ ಹೊರಬಂತು. ಜಡ್ಜುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾಲೀಕರೇ ಮೈಕಿನಲ್ಲಿ ಆಕೆಯ ಮಾನ ಉಳಿಸಲು ನೋಡಿದರು. "ಮ್ಯಾಡಮ್ಮಾರು ನಮ್ಮ ಲೇಔಟ್ ನೋಡ್ಕೊಂತ ಹೋದ್ರು ನೋಡ್ರಿ."

ಆಕೆ ಕೊನೆಯವಳಾದಳು.

ಆ ದಿನ ಮನೆಗೆ ಹೋಗುವ ಹಾದಿಯನ್ನು ನಾನು ಮೂರು ವರ್ಷದಿಂದ ಮನಸ್ಸಿನಲ್ಲೇ ಓಡಿಸಿ ನೋಡಿದ್ದೆ. ಸಿಳ್ಳೆ ಹಾಕುತ್ತ ಹೋಗಬೇಕೆಂದಿದ್ದೆ, ಹಾಕಿದೆ ಕೂಡ. ಅರ್ಧ ದಾರಿ ಆದ ಮೇಲೆ ಹೆಂಡತಿ ತನ್ನ ಎರಡೂ ಅಂಗೈ ನೋಡಿಕೊಳ್ಳುತ್ತ, "ನಾ ತಿರುಗ್ಸೇ ಇಲ್ರಿ. ಕೈ ತಾನಾಗೇ ತಿರುಗ್ತದ," ಎಂದಳು. ದನಿಯಲ್ಲಿ ಬೇಸರ ಇರಲಿಲ್ಲ. ಮದ್ದು ಕೊಟ್ಟರೂ ಮೇವು ಮುಟ್ಟದ ಎತ್ತನ್ನು ನೋಡಿ ಬಂದ ದಿನ ಹೀಗೆ ಮಾತಾಡುತ್ತಾಳೆ. ನಾನು ಸಿಳ್ಳೆ ನಿಲ್ಲಿಸಿದೆ. ಗೆದ್ದದ್ದು ಇಷ್ಟು ಬೇಗ ಸಪ್ಪಗಾಗುತ್ತದೆಂದು ಗೊತ್ತಿರಲಿಲ್ಲ.

"ನಾ ಕಲಿಸ್ತೇನಿ," ಎಂದೆ.

ಮುಂದಿನ ಭಾನುವಾರ ಸರ್ಕಲ್ಲಿನ ನಡುವೆ ಕಾರು ನಿಲ್ಲಿಸಿ, ಧೂಳಿನಲ್ಲಿ ಬೆರಳಿನಿಂದ ಬಾಣ ಬರೆದು, ಘರ್ಷಣೆಯ ಗುಣಾಂಕದಿಂದ ಶುರು ಮಾಡಿದೆ. ಆಕೆ ಐದು ನಿಮಿಷ ಕೇಳಿದಳು.

"ಅದೆಲ್ಲಾ ಇರಲಿ. ಗಾಲಿ ಜಾರಿದಾಗ ನಿಮ್ಮ ಬಲಗಾಲು ಏನ್ ಮಾಡ್ತದ?"

ನನಗೆ ಗೊತ್ತಿರಲಿಲ್ಲ. ಅಷ್ಟು ದಿನ ಮಾಡಿದ್ದರೂ ಯೋಚಿಸಿಯೇ ಇರಲಿಲ್ಲ. ಆಕೆ ಪಕ್ಕದ ಸೀಟಿಗೆ ನುಸುಳಿ ಕೂತು, ನಾನು ನಾಲ್ಕು ಸಲ ಜಾರಿಸುವ ತನಕ ಕುಂಟುವ ದನದ ಕಾಲು ನೋಡುವ ಹಾಗೆ ನನ್ನ ಕಾಲನ್ನೇ ನೋಡಿದಳು.

"ಎಕ್ಸಿಲೇಟರ್ ಅರ್ಧ ಬಿಡ್ತೀರಿ, ಪೂರ್ತಿ ಬಿಡಂಗಿಲ್ಲ. ಮತ್ತೊಂದದ. ಕ್ಲಚ್ ಒದಿಯೋ ಹೊತ್ತಿಗೆ ನೀವು ಕಣ್ಣ ಮುಚ್ಚತೀರಿ."

ಸಾಧ್ಯವೇ ಇಲ್ಲ ಎಂದೆ. ಆಕೆ ಫೋನಿನಲ್ಲಿ ವಿಡಿಯೊ ತೆಗೆದು ತೋರಿಸಿದಳು. ಪರದೆಯ ಮೇಲೆ ಭೌತಶಾಸ್ತ್ರದ ಮೇಷ್ಟ್ರೊಬ್ಬ, ಇಂಜೆಕ್ಷನ್ ಚುಚ್ಚಿಸಿಕೊಳ್ಳುವವನಂತೆ ಕಣ್ಣು ಬಿಗಿಯಾಗಿ ಮುಚ್ಚಿ ಸರ್ಕಲ್ ಹೊಗುತ್ತಿದ್ದ.

ಆಮೇಲೆ ಆಕೆ ಸ್ಟೇರಿಂಗ್ ಹಿಡಿದಳು. ಕೈಯನ್ನು ಸುಮ್ಮನಿರಿಸಲು ಕಲಿತದ್ದೇ ತಡ, ಗಿರಕಿಗಳು ಶುರುವಾದವು. ಒಂದು, ಎರಡು, ಐದು. ಪ್ರತಿ ಸಲ ಕಾರು ತಿರುಗಿ ಹಿಂದುಮುಂದಾಗಿ ನಿಂತಾಗ ಆಕೆ ನಗುತ್ತಿದ್ದಳು. ಹಲ್ಲಿಗೆಲ್ಲ ಕೆಂಪು ಧೂಳು. ಜೇವರ್ಗಿಯಲ್ಲಿ ಅಷ್ಟು ಸಲ ಗೆದ್ದಿದ್ದರೂ ಆಕೆ ಒಮ್ಮೆಯೂ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಕೆಲಸ ಮುಗಿಸಿದವಳಂತೆ ಹೆಲ್ಮೆಟ್ ತೆಗೆದು ಕೂದಲು ಸರಿಮಾಡಿಕೊಳ್ಳುತ್ತಿದ್ದಳು, ಅಷ್ಟೇ. ಒಂದು ಕೆಲಸ ಸುತರಾಂ ಬರದೇ ಹೋದಾಗ ಆಕೆ ಇಷ್ಟು ಖುಷಿಪಡುತ್ತಾಳೆಂದು ಮದುವೆಯಾಗಿ ಹದಿನಾರು ವರ್ಷಕ್ಕೆ ತಿಳಿಯಿತು.

ಬರದೇ ಹೋಗುವುದು ಬಹಳ ದಿನ ನಡೆಯಲಿಲ್ಲ. ಮೊದಲ ಮಳೆ ಬಿದ್ದ ವಾರ, ಮುರುಮು ಹದವಾಗಿದ್ದ ಬೆಳಿಗ್ಗೆ, ಆಕೆ ಸರ್ಕಲ್ಲನ್ನು ಪೂರ್ತಿ ಒಂದು ಸುತ್ತು ಅಡ್ಡವೇ ಹಿಡಿದಳು. ನಿಲ್ಲಿಸಲಿಲ್ಲ, ಇನ್ನೊಂದು ಸುತ್ತು ಹೋದಳು. ಪಕ್ಕದಲ್ಲಿದ್ದ ನಾನು ಕಣ್ಣು ತೆರೆದೇ ಇರಬೇಕೆಂದು ಹಟ ಹಿಡಿದಿದ್ದೆ, ಅದೇ ತಪ್ಪಾಯಿತು. ಬೆಳಿಗ್ಗೆ ತಿಂದ ಸುಸಲಾ ಕಿಟಕಿಯ ಹೊರಗೆ ಹೋಯಿತು. ಮಾಲೀಕರು ಆಫೀಸಿನಿಂದ ತಂಬಿಗೆಯಲ್ಲಿ ನೀರು ತಂದುಕೊಟ್ಟು, "ಯಾವ ಪ್ಲಾಟಿನ ಮ್ಯಾಲ ಬಿತ್ರಿ?" ಎಂದು ವಿಚಾರಿಸಿದರು.

ಈಗ ಆ ರಸ್ತೆಗೆ ಡಾಂಬರು ಬಿದ್ದಿದೆ. ನಾವು ಬೇರೆ ಮೈದಾನ ಹುಡುಕಿಕೊಂಡಿದ್ದೇವೆ. ಹೆಂಡತಿ ತಿಂಗಳಿಗೊಮ್ಮೆ ಕೆಂಪು ಕಾರಿನಲ್ಲಿ ಆಟೊಕ್ರಾಸ್‌ಗೆ ಹೋಗುತ್ತಾಳೆ, ಉಳಿದ ಭಾನುವಾರ ಬಿಳಿ ಕಾರಿನಲ್ಲಿ ನನ್ನ ಜೊತೆ. ಹೋದ ಪಂದ್ಯದಲ್ಲಿ ಆಕೆಗೆ ನನಗಿಂತ ಅರ್ಧ ಮಾರ್ಕು ಮಾತ್ರ ಕಡಿಮೆ ಬಂತು. ಮುಂದಿನದರಲ್ಲಿ ಏನಾಗುತ್ತದೆಂದು ಲೆಕ್ಕ ಹಾಕಲು ಭೌತಶಾಸ್ತ್ರ ಬೇಕಿಲ್ಲ.

ಮೊನ್ನೆ ಕಾಲೇಜಿನ ಎದುರು ಕಬ್ಬಿನ ಟ್ರ್ಯಾಕ್ಟರ್ ಒಂದು ನಿಂತಿತ್ತು, ಹಿಂದೆ ಎರಡು ಟ್ರೇಲರ್. ನಮ್ಮ ಕಡೆ ಅದನ್ನು ಹಿಂದಕ್ಕೆ ಓಡಿಸುವ ಪಂದ್ಯ ನಡೆಯುತ್ತದೆ. ಡ್ರೈವರಿನ ಹತ್ತಿರ ಹೋಗಿ, "ರಿವರ್ಸ್ ಹೊಡಿಯೋದು ಕಲೀಲಿಕ್ಕೆ ಎಷ್ಟ್ ದಿನ ಬೇಕಪಾ?" ಎಂದು ಕೇಳಿದೆ.

"ಯಾರಿಗ್ರಿ ಸರ್?"

"ನನಗೇ."

ಆತ ನನ್ನನ್ನು ಮೇಲಿಂದ ಕೆಳಗೆ ನೋಡಿ, ಭಾನುವಾರ ಹೊಲಕ್ಕೆ ಬರಲು ಹೇಳಿದ್ದಾನೆ. ಹೆಂಡತಿಗೆ ಇನ್ನೂ ಹೇಳಿಲ್ಲ.