ನವಾಬರ ಚಿತ್ರದಲ್ಲಿ ಘಸೀಟೆ ಖಾನನ ಕೈ

ಲಖನೌದ ಮುನವ್ವರ್ ಜಂಗ್ ನವಾಬರಿಗೆ ಒಂದು ಕಡೆ ಕೂತು ಗೊತ್ತೇ ಇರಲಿಲ್ಲ. ವಿಲಾಯತಿಯಿಂದ ಬಂದ ಚಿತ್ರದ ಸಾಹೇಬ ಎರಡು ದಿನ ಬೆಳಗ್ಗೆ ಹೇಗೋ ಅವರ ಮುಖವನ್ನಷ್ಟೇ ಬರೆದುಕೊಂಡ. ಮೂರನೆಯ ದಿನ ಪಾರಿವಾಳ ಹಾರಿಸಲು ಮಹಡಿ ಹತ್ತಿದವರು ಕೆಳಗಿಳಿಯಲೇ ಇಲ್ಲ. ಕಾದು ಕಾದು ಬೇಸತ್ತ ಸಾಹೇಬ, ಅವರ ಉಡುಪು ಒಡವೆಗಳನ್ನು ಬೇರೆ ಯಾರಿಗಾದರೂ ತೊಡಿಸಿ ಕೂರಿಸಿ ಎಂದ. ನವಾಬರ ಬಟ್ಟೆಬರೆ ನೋಡಿಕೊಳ್ಳುತ್ತಿದ್ದ ಘಸೀಟೆ ಖಾನನ ಮೈಕಟ್ಟು ಅವರದೇ ಅಳತೆ. ಅವನನ್ನೇ ಕೂರಿಸಿದರು.

ಹನ್ನೊಂದು ದಿನ ಕೂತ. ಬಟ್ಟೆಗೆ ಕಲೆಯಾದೀತೆಂದು ಪಾನ್ ಕೂಡ ಇಲ್ಲ. ಮನೆಗೆ ಬಂದರೂ ಬೆನ್ನು ಬಗ್ಗದು. ಹೆಂಡತಿ ನತ್ಥೀ ಬಿಡುವವಳೇ? "ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ. ನೀರು ನೀವೇ ತಗೊಳ್ಳಿ, ನವಾಬ್ ಸಾಹೇಬ್ರೇ," ಎನ್ನುತ್ತಿದ್ದಳು. ಅವನು ಎದ್ದು, ತನಗೂ ಅವಳಿಗೂ ನೀರು ತರುತ್ತಿದ್ದ.

ಸಾಹೇಬ ಕಂಡದ್ದನ್ನು ಕಂಡಂತೆ ಬರೆದ. ಮೂವತ್ತು ವರ್ಷ ಮಲ್ಮಲ್ ಅಂಗಿಗಳ ತೋಳಿಗೆ ಉಗುರಿನಲ್ಲಿ ನೆರಿಗೆ ಹಿಡಿದು ಹೊರಕ್ಕೆ ಬಾಗಿದ್ದ ಘಸೀಟೆಯ ಹೆಬ್ಬೆರಳು, ನವಾಬರ ಪಚ್ಚೆಯುಂಗುರದ ಪಕ್ಕದಲ್ಲೇ ಕೂತಿತು. ಹೊಗಳುಭಟರಿಗೆ ಇಷ್ಟು ಸಾಲದೇ? ಖಾನ್ದಾನಿ ಕೈ ಎಂದರೆ ಇದು, ರಕ್ತದಲ್ಲೇ ಬರಬೇಕು ಎಂದು ಹಾಡಿ ಹೊಗಳಿದರು. ನವಾಬರೂ ಮೀಸೆ ತಿರುವಿದರು. ಗಂಡ ಹೆಂಡತಿ ಮನೆಯಲ್ಲಿ ಬಾಗಿಲು ಹಾಕಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಹೊರಗೆ ಬಾಯಿ ಬಿಟ್ಟರೆ ಅನ್ನಕ್ಕೆ ಕುತ್ತು.

ಏಳು ವರ್ಷದ ಮೇಲೆ ಜ್ವರ ಘಸೀಟೆಯನ್ನು ಕರೆದೊಯ್ದಿತು. ಮರುವರ್ಷ ನವಾಬರೂ ಹೋದರು. ಹವೇಲಿಯಲ್ಲಿ ಕಸ ಗುಡಿಸುವ ಕೆಲಸ ಹಿಡಿದ ನತ್ಥೀ ದಿನಾ ಬೆಳಗ್ಗೆ ಆ ಚಿತ್ರದ ಮುಂದೆ ನಿಲ್ಲುತ್ತಿದ್ದಳು. ದಾಳಿಂಬೆ ಬಿಡಿಸಿ ಕೊಡುತ್ತಿದ್ದ ಕೈ, ತಲೆನೋವು ಬಂದರೆ ಹಣೆ ಒತ್ತುತ್ತಿದ್ದ ಕೈ. ಗಂಡನದೆಂದು ಲೋಕದಲ್ಲಿ ಉಳಿದಿದ್ದದ್ದು ಅದೊಂದೇ.

ಒಂದು ದಿನ ಗೋಣಿ, ಹಗ್ಗ ಹಿಡಿದು ಕೂಲಿಯವರು ಬಂದರು. ವಿಲಾಯತಿಗೆ ಮರಳುತ್ತಿದ್ದ ಯಾರೋ ಕಂಪನಿ ಸಾಹೇಬನಿಗೆ ನವಾಬರ ಮಗ ಚಿಕ್ಕ ನವಾಬರು ಚಿತ್ರವನ್ನು ಉಡುಗೊರೆ ಕೊಟ್ಟುಬಿಟ್ಟಿದ್ದರು. ನತ್ಥೀ ಅಡ್ಡ ನಿಂತಳು. ಸಂಜೆಯವರೆಗೆ ಬಿಡಿ ಎಂದು ಬೇಡಿಕೊಂಡಳು. ಗಲಾಟೆ ಕೇಳಿ ಚಿಕ್ಕ ನವಾಬರೇ ಬಂದರು. ಅವಳ ಕಣ್ಣೀರು ಕಂಡು ಕೂಲಿಯವರನ್ನು ತಡೆದರು.

"ಅಬ್ಬಾಜಾನ್ ಅಂದ್ರೆ ನಿಂಗಿಷ್ಟು ಪ್ರೀತಿನಾ, ಬುವಾ?"

ಹೌದು ಎಂದಿದ್ದರೆ ಸಾಕಿತ್ತು. ಅವಳಿಗೆ ಆಗಲಿಲ್ಲ.

"ತಪ್ಪಾಯ್ತು ಹುಜೂರ್. ಆ ಮುಖ ನಾನು ಸರಿಯಾಗಿ ನೋಡೇ ಇಲ್ಲ. ಕೈ ನಮ್ಮವರದು."

ಚಿಕ್ಕ ನವಾಬರು ಚಿತ್ರದ ಹತ್ತಿರ ಹೋಗಿ ಹೆಬ್ಬೆರಳನ್ನು ನೋಡಿದರು. ತಮ್ಮ ಹೆಬ್ಬೆರಳನ್ನೂ ನೋಡಿಕೊಂಡರು. ಕೂಲಿಯವರನ್ನು ಹೊರಗೆ ಕಳಿಸಿ, ತಾವೂ ಹೋಗಿ, ಬಾಗಿಲು ಎಳೆದುಕೊಂಡರು.

ಸಂಜೆ ಆಜಾನ್ ಆದ ಮೇಲೆ ನತ್ಥೀ ತಾನೇ ಗೋಣಿ ಸುತ್ತಿದಳು. ಮೊದಲು ಮುಖ ಮುಚ್ಚಿದಳು. ಕೈಗಳನ್ನು ಎಲ್ಲಕ್ಕಿಂತ ಕೊನೆಗೆ.